ಮುಗಿಸುವ ಸುಖ

ಹೊಸ ಸೋಪಿನ ಕಾಗದ ಬಿಚ್ಚುವಾಗಿನ ಖುಷಿಯನ್ನು ಎಲ್ಲರೂ ಬಲ್ಲರು. ಅದೇ ಸೋಪನ್ನು ಕಡೆಯ ಚೂರಿನವರೆಗೂ ಬಳಸಿ ಮುಗಿಸುವ ಸುಖದ ಬಗ್ಗೆ ಮಾತಾಡುವವರು ಕಡಿಮೆ. ಎರಡರಲ್ಲಿ ನಾನು ಎರಡನೆಯದರ ಪಕ್ಷ. ಮೈಗೆ, ತಲೆಗೆ, ಹಲ್ಲಿಗೆ ಎಂದು ಮನೆ ಸೇರಿದ ಡಬ್ಬಿ, ಸೀಸೆ, ಟ್ಯೂಬುಗಳನ್ನು ಒಂದೊಂದಾಗಿ ಕರಗಿಸಿ ಬಚ್ಚಲುಮನೆಯ ಗೂಡನ್ನು ಹಗುರ ಮಾಡುವುದು ಒಂದು ಕುಶಲ ಕೆಲಸ. ಅದಕ್ಕೆ ವಸ್ತುವಿನ ಗುಣ ತಿಳಿದಿರಬೇಕು, ಯಾವುದನ್ನು ಮೊದಲು ತೆಗೆಯಬೇಕೆಂಬ ಅಂದಾಜಿರಬೇಕು, ಒಂದು ಮುಗಿಯುವ ಮುನ್ನ ಇನ್ನೊಂದಕ್ಕೆ ಕೈಹಾಕದ ಸಂಯಮವೂ ಇರಬೇಕು. ಕಸೂತಿಯನ್ನೂ ಕೈತೋಟವನ್ನೂ ಹವ್ಯಾಸವೆಂದು ಗೌರವಿಸುವವರು ಇದಕ್ಕೂ ಅದೇ ಗೌರವ ಕೊಡಬೇಕೆಂದು ನಾನು ವಾದಿಸುತ್ತೇನೆ.

ಬೆಂಗಳೂರಿನ ಬಸವನಗುಡಿಯಂಥ ಹಳೆಯ ಬಡಾವಣೆಯ ಮನೆಗಳಲ್ಲಿ ಈ ಸಾಮಾನು ಕೊಂಡಿದ್ದರಿಂದ ಸೇರಿದ್ದಕ್ಕಿಂತ ಕೊಟ್ಟಿದ್ದರಿಂದ ಸೇರಿದ್ದೇ ಹೆಚ್ಚು. ಭಾದ್ರಪದದ ಗೌರಿ ಹಬ್ಬಕ್ಕೆ ಒಂದು ವಾರ ಇರುವಾಗ ಗಾಂಧಿ ಬಜಾರಿನಲ್ಲಿ ಅಡ್ಡಾಡಿದರೆ ಸಾಕು, ಕಾರಣ ಕಣ್ಣಿಗೆ ಬೀಳುತ್ತದೆ. ಜೋಡಿ ಮೊರಗಳ ಪಕ್ಕದಲ್ಲೇ ಬಾಗಿನದ ಸಾಮಾನಿನ ಪೊಟ್ಟಣಗಳನ್ನು ಗುಡ್ಡೆ ಹಾಕಿ ಮಾರುತ್ತಾರೆ. ಅದರಲ್ಲಿ ಬಳೆ, ಬಿಚ್ಚೋಲೆ, ಅಂಗೈಯಗಲದ ಕನ್ನಡಿ, ಪುಟ್ಟ ಬಾಚಣಿಗೆ, ಕಾಡಿಗೆ ಡಬ್ಬಿ, ಅರಿಸಿನ ಕುಂಕುಮದ ಪ್ಯಾಕೆಟ್ಟುಗಳು ಇರುತ್ತವೆ. ಮುತ್ತೈದೆಗೆ ಬೇಕಾಗುವ ಅಲಂಕಾರದ ಸಾಮಾನನ್ನೆಲ್ಲ ಒಂದು ಮೊರದಲ್ಲಿಟ್ಟು ಕೊಡುವ ಈ ಪದ್ಧತಿ ನನಗೆ ಬಹಳ ಪ್ರಿಯವಾದದ್ದು. ಅದರ ಹಿಂದಿನ ಭಾವ ದೊಡ್ಡದು. ಆದರೆ ಒಂದೇ ಮನೆಗೆ ಹತ್ತು ಮೊರ ಬಂದಾಗ ಹತ್ತು ಬಾಚಣಿಗೆಯೂ ಬರುತ್ತದೆ. ವರಮಹಾಲಕ್ಷ್ಮಿ ಹಬ್ಬ ಮತ್ತು ನವರಾತ್ರಿಯ ಗೊಂಬೆ ಆರತಿಗಳ ತಾಂಬೂಲದ ಚೀಲ, ಮದುವೆ ಮುಂಜಿಗಳ ಉಡುಗೊರೆ, ಮೂರು ಕೊಂಡರೆ ಒಂದು ಉಚಿತವೆಂಬ ಅಂಗಡಿಯ ಆಮಿಷ, ಹೋಟೆಲಿನ ಕೋಣೆಯಿಂದ ಚೀಲದೊಳಗೆ ಬಂದ ಪುಟಾಣಿ ಶಾಂಪೂ ಸೀಸೆಗಳು, ವರ್ಷಕ್ಕೊಮ್ಮೆ ಅಮೆರಿಕದಿಂದ ಬರುವ ಮಗ ಸೊಸೆಯರ ಸೂಟ್‌ಕೇಸಿನಿಂದ ಇಳಿಯುವ ಬಾಡಿ ಲೋಷನ್ನುಗಳು, ಇಷ್ಟೂ ಸೇರಿದರೆ ಇಬ್ಬರೇ ವಯಸ್ಸಾದವರಿರುವ ಮನೆಯ ಬೀರುವೂ ತುಂಬುತ್ತದೆ. ಪ್ರೀತಿಯಿಂದ ಬಂದಿದ್ದನ್ನು ಎಸೆಯಲು ಮನಸ್ಸು ಬಾರದು. ಬಳಸಲು ತೆಗೆಯುವುದೂ ಇಲ್ಲ, ಅದು ‘ಒಳ್ಳೆಯದು’, ಆಮೇಲಿಗೆ ಇರಲಿ ಎನ್ನುತ್ತೇವೆ. ಹೀಗೆ ಆಮೇಲಿಗೆಂದು ಇಟ್ಟಿದ್ದು ಪರಿಮಳ ಕಳೆದುಕೊಂಡು, ಬಣ್ಣ ತಿರುಗಿ, ಕೊನೆಗೆ ಯಾರ ಮೈಯನ್ನೂ ಮುಟ್ಟದೆ ಕಸಕ್ಕೆ ಹೋಗುತ್ತದೆ.

ಹಳೆಯ ಕಾಲದಲ್ಲಿ ಈ ತೊಂದರೆ ಇರಲಿಲ್ಲ. ಆಗಿನವರು ನಮಗಿಂತ ವಿವೇಕಿಗಳಾಗಿದ್ದರೆಂದು ಇದನ್ನು ಹೇಳುತ್ತಿಲ್ಲ. ಸಾಮಾನು ಮನೆಗೆ ಬರುತ್ತಿದ್ದ ದಾರಿಯೇ ಬೇರೆಯಾಗಿತ್ತು. ಸೀಗೆಕಾಯಿ, ಅಂಟುವಾಳ, ಮೆಂತ್ಯ, ಹೆಸರುಕಾಳನ್ನು ಒಣಗಿಸಿ, ಬೇಕಾದಷ್ಟನ್ನೇ ಗಿರಣಿಗೆ ಕೊಟ್ಟು ಪುಡಿ ಮಾಡಿಸುತ್ತಿದ್ದರು. ಗ್ರಂಧಿಗೆ ಅಂಗಡಿಯವರು ಚಿಗರೆಪುಡಿಯನ್ನೂ ಕಸ್ತೂರಿ ಅರಿಸಿನವನ್ನೂ ತೂಗಿಯೇ ಕೊಡುತ್ತಿದ್ದರು. ಗಂಧದ ಕೊರಡನ್ನು ಸಾಣೆಕಲ್ಲಿನ ಮೇಲೆ ಆ ಹೊತ್ತಿನ ಪೂಜೆಗೆ ಸಾಕಾಗುವಷ್ಟು ಮಾತ್ರ ತೇಯುತ್ತಿದ್ದರು, ಕೊರಡು ಹೆಬ್ಬೆರಳಿನಷ್ಟು ಮೊಟಕಾದರೂ ಅದರ ಕೆಲಸ ಮುಗಿದಿರುತ್ತಿರಲಿಲ್ಲ. ಬೇಕಾದಾಗ ಬೇಕಾದಷ್ಟೇ ಎಂಬ ಅಳತೆ ವಸ್ತುವಿನ ತಯಾರಿಕೆಯಲ್ಲೇ ಅಡಗಿತ್ತು. ಕಾರ್ಖಾನೆಯ ಪ್ಯಾಕೆಟ್ಟಿನಲ್ಲಿ ಆ ಅಳತೆ ಇಲ್ಲವಾದ್ದರಿಂದ ಅದನ್ನು ಬಳಸುವವರೇ ಕಲಿತುಕೊಳ್ಳಬೇಕಾಗಿದೆ.

ಹಾಗೆಂದು ಕಾರ್ಖಾನೆಯನ್ನು ದೂರುವುದು ನನ್ನ ಉದ್ದೇಶವಲ್ಲ. ನಮ್ಮ ನಾಡಿನ ಅತಿ ಹೆಮ್ಮೆಯ ಸೋಪು ಹುಟ್ಟಿದ್ದೇ ಮಿಕ್ಕಿದ್ದನ್ನು ಏನು ಮಾಡಬೇಕೆಂಬ ಚಿಂತೆಯಿಂದ. ಮೊದಲ ಮಹಾಯುದ್ಧಕ್ಕೆ ಮುಂಚೆ ಮೈಸೂರು ಸಂಸ್ಥಾನದ ಶ್ರೀಗಂಧದ ಮರ ಯುರೋಪಿಗೆ ಹಡಗೇರುತ್ತಿತ್ತು, ಎಣ್ಣೆ ತೆಗೆಯುವ ಕೆಲಸ ಅಲ್ಲಿ ನಡೆಯುತ್ತಿತ್ತು. 1914ರಲ್ಲಿ ಯುದ್ಧ ಶುರುವಾಗಿ ಆ ವ್ಯಾಪಾರ ನಿಂತಾಗ ಮರ ಇಲ್ಲೇ ಉಳಿಯಿತು. ನಾಲ್ವಡಿ ಕೃಷ್ಣರಾಜ ಒಡೆಯರೂ ದಿವಾನ್ ಎಂ. ವಿಶ್ವೇಶ್ವರಯ್ಯನವರೂ ಮರ ಕೊಳೆಯಲು ಬಿಡಲಿಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರಸಾಯನಶಾಸ್ತ್ರಜ್ಞರಾದ ಸಡ್‌ಬರೋ ಮತ್ತು ವಾಟ್ಸನ್ ಎಣ್ಣೆ ಇಳಿಸುವ ವಿಧಾನವನ್ನು ಸಿದ್ಧಪಡಿಸಿದರು, 1916ರಲ್ಲಿ ಮೈಸೂರಿನಲ್ಲಿ ಗಂಧದೆಣ್ಣೆಯ ಕಾರ್ಖಾನೆ ಬಂತು, ಅದರ ಬೆನ್ನಿಗೇ ಬೆಂಗಳೂರಿನಲ್ಲಿ ಸರ್ಕಾರಿ ಸೋಪಿನ ಕಾರ್ಖಾನೆ. ಇಂಗ್ಲೆಂಡಿಗೆ ಹೋಗಿ ತರಬೇತಿ ಪಡೆದು ಬಂದ ಸೋಸಲೆ ಗರಳಪುರಿ ಶಾಸ್ತ್ರಿಗಳ ಕೈಯಲ್ಲಿ ಮೈಸೂರು ಸ್ಯಾಂಡಲ್ ರೂಪುಗೊಂಡಿತು. ಶರಭದ ಚಿಹ್ನೆಯ ಆ ಸೋಪಿಗೆ 2006ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆಯಿತು. ಉಳಿದ ಮರವನ್ನು ಹೊರೆಯೆಂದು ಭಾವಿಸದೆ ಅದರ ಗುಣವೇನು, ಅದರಿಂದ ಏನಾದೀತು ಎಂದು ಕೇಳಿದ್ದರಿಂದ ಒಂದು ಉದ್ಯಮ ಹುಟ್ಟಿತು. ಬಚ್ಚಲುಮನೆಯ ಗೂಡಿನ ಮುಂದೆ ನಿಂತು ಕೇಳಬೇಕಾದದ್ದೂ ಇದೇ ಪ್ರಶ್ನೆ.

ಸೋಪಿನಿಂದಲೇ ಆರಂಭಿಸೋಣ. ಮಿಕ್ಕ ಸಾಮಾನುಗಳ ಪೈಕಿ ಇದರಷ್ಟು ಸಾಧು ಬೇರೊಂದಿಲ್ಲ. ಇಟ್ಟಷ್ಟೂ ಅದರೊಳಗಿನ ನೀರು ಆರಿ ಬಿಲ್ಲೆ ಗಟ್ಟಿಯಾಗುತ್ತದೆ, ಗಟ್ಟಿಯಾದ ಬಿಲ್ಲೆ ನಿಧಾನವಾಗಿ ಸವೆಯುತ್ತದೆ. ಆದ್ದರಿಂದ ಕಾಗದ ಬಿಚ್ಚಿ ಬೀರುವಿನ ಸೀರೆಗಳ ಮಧ್ಯೆ ಇಡುವ ರೂಢಿಯಿಂದ ಎರಡು ಲಾಭ: ಸೀರೆಗೆ ವಾಸನೆ, ಸೋಪಿಗೆ ಬಾಳಿಕೆ. ಕಳೆದುಹೋಗುವುದು ಪರಿಮಳ ಮಾತ್ರ, ಹಾಗಾಗಿ ಗಂಧ, ಮಲ್ಲಿಗೆಗಳ ಸೋಪನ್ನು ಮೊದಲು ತೆಗೆಯಬೇಕು, ಬರಿಯ ಸೋಪು ಕಾಯಬಲ್ಲದು. ಗುಣಮಟ್ಟ ತಿಳಿಯಬೇಕೆನ್ನುವವರು ಹೊದಿಕೆಯ ಮೇಲೆ ಟಿಎಫ್ಎಂ ಎಂಬ ಮೂರಕ್ಷರದ ಮುಂದಿರುವ ಅಂಕಿಯನ್ನು ನೋಡಲಿ. ಅದು ಬಿಲ್ಲೆಯಲ್ಲಿರುವ ಕೊಬ್ಬಿನಂಶದ ಪ್ರಮಾಣ. ಭಾರತೀಯ ಮಾನಕದ ಪ್ರಕಾರ ಮೊದಲ ದರ್ಜೆಯ ಸ್ನಾನದ ಸೋಪಿಗೆ ಅದು ಶೇಕಡಾ 76ಕ್ಕೆ ಕಡಿಮೆ ಇರಬಾರದು. ಮೊದಲ ದರ್ಜೆಯದು ಮೈಗೆ ಇರಲಿ, ಅಗ್ಗದ್ದು ಕೈ ತೊಳೆಯಲು ಸಾಕು. ಇನ್ನು ಸೋಪು ಎಲೆಯಷ್ಟು ತೆಳ್ಳಗಾದ ಮೇಲಿನ ಕೆಲಸವಿದೆ. ಸ್ನಾನ ಮುಗಿದ ಕೂಡಲೇ, ಹಳೆಯ ಚೂರೂ ಹೊಸ ಬಿಲ್ಲೆಯೂ ಒದ್ದೆಯಾಗಿ ಲೋಳೆಗಟ್ಟಿರುವಾಗಲೇ ಒಂದರ ಮೇಲೊಂದು ಒತ್ತಿ, ನೀರು ನಿಲ್ಲದ ಜಾಲರಿಯ ತಟ್ಟೆಯಲ್ಲಿ ರಾತ್ರಿಯಿಡೀ ಬಿಟ್ಟರೆ ಬೆಳಗ್ಗೆ ಅವು ಒಂದಾಗಿರುತ್ತವೆ. ಒಂದೇ ಜಾತಿಯವಾದರೆ ಬೆಸುಗೆ ಭದ್ರ. ಪಾರದರ್ಶಕ ಗ್ಲಿಸರಿನ್ ಸೋಪನ್ನು ಗಟ್ಟಿ ಸೋಪಿಗೆ ಅಂಟಿಸಿದರೆ ಒಣಗುವಾಗ ಬಿಟ್ಟುಕೊಳ್ಳುವುದೇ ಹೆಚ್ಚು. ಆ ಬೆಸುಗೆಯ ಗೆರೆ ದಿನದಿನಕ್ಕೆ ಮಾಸುತ್ತಾ ಕೊನೆಗೆ ಬೆರಳಿಗೂ ಸಿಗದಂತಾಗುವುದನ್ನು ಗಮನಿಸುವುದೇ ಈ ಹವ್ಯಾಸದ ನಿಜವಾದ ಸವಿ.

ಉಳಿದವುಗಳಿಗೆ ನನ್ನ ನಿಯಮ ಒಂದೇ: ವಸ್ತು ಯಾವ ಕೆಲಸಕ್ಕೆ ಹುಟ್ಟಿತೋ ಆ ಕೆಲಸವನ್ನೇ ಮೊದಲು ಕೊಡಬೇಕು, ಅದು ಆಗದಿದ್ದರೆ ಮಾತ್ರ ಅದರ ನೆರೆಯ ಕೆಲಸ. ಶಾಂಪೂ ತಲೆಗೆ ಒಗ್ಗಿದರೆ ತಲೆಗೇ ಹೋಗಲಿ. ಕೂದಲು ಒರಟಾಗುತ್ತದೆಂದು ಮೂಲೆ ಸೇರಿದ್ದಾದರೆ ಉಣ್ಣೆಯ ಸ್ವೆಟರು, ಶಾಲುಗಳಿಗೆ ಅದಕ್ಕಿಂತ ಒಳ್ಳೆಯ ಮಾರ್ಜಕ ಸಿಗದು, ಏಕೆಂದರೆ ಉಣ್ಣೆಯೂ ಕೂದಲೇ, ಬಟ್ಟೆ ಒಗೆಯುವ ಪುಡಿಯ ಕ್ಷಾರ ಅದಕ್ಕೆ ಆಗಿಬರುವುದಿಲ್ಲ. ಟಾಲ್ಕಂ ಪೌಡರು ಮದುವೆ ಊಟದಲ್ಲಿ ರೇಷ್ಮೆ ಸೀರೆಗೆ ಬಿದ್ದ ತುಪ್ಪದ ಕಲೆಯ ಮೇಲೆ ಒಂದು ರಾತ್ರಿ ಕೂತರೆ ಜಿಡ್ಡನ್ನು ಹೀರಿಕೊಳ್ಳುತ್ತದೆ. ಹಲ್ಲುಪುಡಿಯಿಂದ ಪೂಜೆಯ ಬೆಳ್ಳಿ ಸಾಮಾನು ಬೆಳಗುವುದು ಇಲ್ಲಿಯ ಮನೆಗಳಿಗೆ ಹೊಸದಲ್ಲ. ಆದರೆ ಅದರ ನುಣ್ಣನೆಯ ಸುಣ್ಣದ ಪುಡಿ ಕಪ್ಪನ್ನು ಉಜ್ಜಿ ತೆಗೆಯುವುದರಿಂದ, ಗಟ್ಟಿ ಬೆಳ್ಳಿಗೆ ಸರಿ, ಬೆಳ್ಳಿ ಲೇಪದ ಸಾಮಾನಿಗೆ ಬೇಡ. ಪರಿಮಳವಿಲ್ಲದ ಕೊಬ್ಬರಿ ಎಣ್ಣೆಯ ಸೀಸೆಗಳು ಹೆಚ್ಚಾದರೆ ಹಲಸಿನ ಕಾಲ ಬರುವವರೆಗೆ ಒಂದನ್ನು ಅಡುಗೆಮನೆಯಲ್ಲಿಟ್ಟಿರಬೇಕು. ಕೈಗೂ ಈಳಿಗೆಮಣೆಗೂ ಸವರಿಕೊಂಡರೆ ಮೇಣ ಅಂಟದು. ಲೋಷನ್ನಿಗಂತೂ ಧನುರ್ಮಾಸದ ಚಳಿಗಿಂತ ಒಳ್ಳೆಯ ಮುಹೂರ್ತವಿಲ್ಲ, ಒಡೆದ ಹಿಮ್ಮಡಿಗೆ ರಾತ್ರಿ ಧಾರಾಳವಾಗಿ ಹಚ್ಚಿ ಮಲಗಿದರೆ ಸಂಕ್ರಾಂತಿಯ ಹೊತ್ತಿಗೆ ಸೀಸೆ ಮುಗಿದಿರುತ್ತದೆ, ಕಾಲೂ ಸರಿಹೋಗಿರುತ್ತದೆ.

ಇದೆಲ್ಲ ಜಿಪುಣತನವೆಂದು ಹೇಳುವವರಿದ್ದಾರೆ. ನಾನು ಒಪ್ಪುವುದಿಲ್ಲ. ಜಿಪುಣರು ವಸ್ತುವನ್ನು ಖರ್ಚಾಗಲು ಬಿಡುವುದಿಲ್ಲ, ಅವರ ಬೀರು ಸದಾ ತುಂಬಿರುತ್ತದೆ. ಮುಗಿಸುವವರು ಖರ್ಚು ಮಾಡುತ್ತಾರೆ, ಹಿಮ್ಮಡಿಗೆ ಧಾರಾಳವಾಗಿ ಹಚ್ಚುತ್ತಾರೆ, ಉಡುಗೊರೆ ಬಂದ ಗಂಧದ ಸೋಪನ್ನು ಯಾವುದೋ ಅತಿಥಿಗೆಂದು ಕಾದಿರಿಸದೆ ಸಾಧಾರಣವಾದ ಮಂಗಳವಾರ ತಾವೇ ಮೈಗೆ ಹಚ್ಚಿ ಮೀಯುತ್ತಾರೆ. ಕೊಟ್ಟವರ ಪ್ರೀತಿಗೆ ಸಲ್ಲುವ ಮರ್ಯಾದೆ ಅದೇ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪಣೆ ಇನ್ನೊಂದಿದೆ. ಶಾಂಪೂವನ್ನು ತಲೆಗೆ ಹಾಕಿದರೂ ಹೋಗುವುದು ಮೋರಿಗೆ, ಸೀಸೆಯಿಂದ ನೇರವಾಗಿ ಸುರಿದರೂ ಮೋರಿಗೆ. ಹೀಗಿರುವಾಗ ಬಳಸಿ ಮುಗಿಸಿದ್ದರಿಂದ ಯಾರಿಗೇನು ಉಪಕಾರ? ಬಸವನಗುಡಿಯವರು ಈ ಪ್ರಶ್ನೆಯನ್ನು ಬೇರೆಯವರಿಗಿಂತ ಹೆಚ್ಚು ಶ್ರದ್ಧೆಯಿಂದ ಎದುರಿಸಬೇಕು. 1898ರ ಪ್ಲೇಗಿನ ನಂತರ ಹಳೆಯ ಪೇಟೆಯ ಇಕ್ಕಟ್ಟು ಬಿಟ್ಟು ಬಂದವರಿಗೆ ಗಾಳಿ, ಬೆಳಕು, ಚೊಕ್ಕಟತನ ಸಿಗಲೆಂದು ಬೆಳೆದ ಬಡಾವಣೆ ಇದು. ವೃಷಭಾವತಿ ಹೊಳೆ ಬಸವನ ಗುಡಿಯ ದೊಡ್ಡ ಬಸವಣ್ಣನ ಪಾದದ ಬಳಿ ಹುಟ್ಟುತ್ತದೆಂದು ಇಲ್ಲಿಯ ನಂಬಿಕೆ. ಆ ಹೊಳೆ ಇಂದು ಮೈಸೂರು ರಸ್ತೆಯ ಪಕ್ಕದಲ್ಲಿ ನೊರೆಯ ಕಾಲುವೆಯಾಗಿ ಹರಿದು, ಬಿಡದಿಯ ಹತ್ತಿರದ ಭೈರಮಂಗಲ ಕೆರೆ ಸೇರಿ, ಮುಂದೆ ಅರ್ಕಾವತಿಯ ಮೂಲಕ ಕಾವೇರಿಗೆ ಹೋಗುತ್ತದೆ. ಸೋಪು, ಡಿಟರ್ಜೆಂಟುಗಳ ನೊರೆ ನೀರಿಗೆ ಏನು ಮಾಡೀತೆಂಬುದನ್ನು ಬೆಳ್ಳಂದೂರು, ವರ್ತೂರು ಕೆರೆಗಳ ನೊರೆ ರಸ್ತೆಗೆ ಹಾರಿ ಬಂದಾಗ ಊರೆಲ್ಲ ಕಂಡಿದೆ. ಆಕ್ಷೇಪಣೆಯ ಅರ್ಧ ನಿಜ: ಒಂದು ಸೀಸೆ ಶಾಂಪೂ ಹೇಗೆ ಹೋದರೂ ಹೊಳೆಗೆ ಅಷ್ಟೇ ಭಾರ. ಮರೆತ ಅರ್ಧ ಯಾವುದೆಂದರೆ, ಇದ್ದ ಸೀಸೆಯನ್ನು ಸುರಿದವರು ತಲೆ ತೊಳೆಯಲು ಇನ್ನೊಂದು ಸೀಸೆ ಕೊಳ್ಳುತ್ತಾರೆ, ಅದೂ ಅಲ್ಲಿಗೇ ಹೋಗುತ್ತದೆ. ಬಳಸಿದವರ ಮನೆಯಿಂದ ಒಂದು ಸೀಸೆ, ಸುರಿದವರ ಮನೆಯಿಂದ ಎರಡು. ಮುಗಿಸುವುದರ ಲೆಕ್ಕ ಇಷ್ಟೇ ಸರಳ. ಅಂದಮೇಲೆ ಬೇಡದ ಶಾಂಪೂವಿನಿಂದ ನೆಲ, ಕಾರು, ಕಿಟಕಿಗಳನ್ನೆಲ್ಲ ಬೇಕೆಂದೇ ತೊಳೆದು ಖಾಲಿ ಮಾಡುವುದೂ ನನ್ನ ದೃಷ್ಟಿಯಲ್ಲಿ ಸುರಿದಂತೆಯೇ. ಇನ್ನೊಂದು ಕೊಳ್ಳುವುದನ್ನು ತಪ್ಪಿಸಿದಾಗ ಮಾತ್ರ ಅದು ಬಳಕೆ.

ಆರೋಗ್ಯದ ಮಾತಿಗೆ ಮಾತ್ರ ನಾನು ಪೂರ್ತಿ ತಲೆಬಾಗುತ್ತೇನೆ. ಮುಗಿಸುವ ಆಸೆ ಎಷ್ಟಿದ್ದರೂ ಕಣ್ಣಿನ ಹತ್ತಿರ ಅದು ಸುಳಿಯಬಾರದು. ಹಳೆಯ ಕಾಡಿಗೆ ಡಬ್ಬಿಗೆ ಯಾವ ಕ್ಷಮೆಯೂ ಇಲ್ಲ, ಬಾಗಿನದಲ್ಲಿ ಬಂದು ವರ್ಷಗಳಾದದ್ದು ಕಸಕ್ಕೇ ಹೋಗಲಿ. ಅವಧಿ ಮೀರಿದ ಸನ್‌ಸ್ಕ್ರೀನು ಬಿಸಿಲನ್ನು ತಡೆಯುತ್ತದೆಂದು ನಂಬಿ ಹೊರಗೆ ಹೋಗುವುದು ಅಪಾಯ. ನೀರಿನಂಶವಿರುವ ಕ್ರೀಮು, ಲೋಷನ್ನುಗಳಲ್ಲಿ ವಾಸನೆ ಕೆಟ್ಟರೆ, ನೀರೂ ಜಿಡ್ಡೂ ಬೇರೆಯಾದರೆ, ಅಲ್ಲಿಗೆ ಅದರ ಕತೆ ಮುಗಿಯಿತು. ಶಾಂಪೂ ಸೀಸೆಯ ತಳಕ್ಕೆ ನೀರು ಹಾಕಿ ಕುಲುಕಿ ಕಡೆಯ ಹನಿ ತೆಗೆಯುವವರೂ ಅದನ್ನು ಆ ಸ್ನಾನದಲ್ಲೇ ಮುಗಿಸಬೇಕು, ನೀರು ಬೆರೆತಾಗ ಕೆಡದಂತೆ ಕಾಯುವ ರಾಸಾಯನಿಕವೂ ತೆಳುವಾಗಿರುತ್ತದೆ. ಡಬ್ಬಿಯ ಮೇಲೆ ಅಚ್ಚಾದ ತಾರೀಖನ್ನು ಓದಿ, ಹತ್ತಿರದ ತಾರೀಖಿನದನ್ನು ಗೂಡಿನ ಮುಂದಕ್ಕೆ ತರುವುದೇ ಈ ಕೆಲಸದ ಮೊದಲ ಹೆಜ್ಜೆ.

ಹಾಗಾದರೆ ಯಾರಿಗಾದರೂ ಕೊಟ್ಟುಬಿಡಬಾರದೇಕೆ ಎಂಬುದು ಸಹಜವಾದ ಪ್ರಶ್ನೆ. ಕೊಡಬೇಕು, ಸಂತೋಷದಿಂದ. ಆದರೆ ಮನೆಕೆಲಸಕ್ಕೆ ಬರುವವರ ಕೈಗೆ ಅರ್ಧ ಬಳಸಿದ ಸೀಸೆಯನ್ನೋ ತಾರೀಖು ದಾಟಿದ ಕ್ರೀಮನ್ನೋ ಇಟ್ಟು ದಾನವೆಂದುಕೊಳ್ಳುವುದು ನ್ಯಾಯವಲ್ಲ. ನಮ್ಮ ಚರ್ಮಕ್ಕೆ ಆಗದ್ದು ಅವರ ಚರ್ಮಕ್ಕೂ ಆಗದು, ಬೇಡವೆನ್ನುವ ಸ್ವಾತಂತ್ರ್ಯವೂ ಅವರಿಗೆ ನಮ್ಮೆದುರಿಗೆ ಕಡಿಮೆ. ಬಿಚ್ಚದ, ಅವಧಿಯಿರುವ ಸಾಮಾನನ್ನು, ಬೇಕೇ ಎಂದು ಕೇಳಿ ಕೊಟ್ಟರೆ ಅದು ಕೊಡುಗೆ. ತೆರೆದ ಸೀಸೆಗಳನ್ನು ತೆರೆದವರೇ ಮುಗಿಸಬೇಕು.

ಮಿಕ್ಕಿದ್ದರ ಮೂಲ ಕೊಡುವವರ ಕೈಯಲ್ಲಿರುವುದರಿಂದ ಈ ಸಲ ಬಾಗಿನ ಕಟ್ಟುವವರಲ್ಲಿ ಒಂದು ವಿನಂತಿ. ಮೊರದಲ್ಲಿ ಹಲ್ಲು ಮುರಿಯುವ ಪ್ಲಾಸ್ಟಿಕ್ ಬಾಚಣಿಗೆಯ ಜಾಗದಲ್ಲಿ ಒಂದು ಗಟ್ಟಿಯಾದ ಮರದ ಬಾಚಣಿಗೆ ಇಡಿ, ಕಾಡಿಗೆ ಡಬ್ಬಿಯನ್ನು ತಾರೀಖು ನೋಡಿ ಕೊಳ್ಳಿ, ಗ್ರಂಧಿಗೆ ಅಂಗಡಿಯಿಂದ ಹೊಸದಾಗಿ ಪುಡಿ ಮಾಡಿದ ಸೀಗೆಯನ್ನು ಒಂದು ಎಣ್ಣೆಸ್ನಾನಕ್ಕೆ ಆಗುವಷ್ಟು ಪೊಟ್ಟಣ ಕಟ್ಟಿಸಿ ಸೇರಿಸಿ. ದೀಪಾವಳಿಯ ನರಕ ಚತುರ್ದಶಿಯ ಬೆಳಗ್ಗೆ ಪಡೆದವರು ಅದನ್ನು ಮುಗಿಸುತ್ತಾರೆ.