ಪುಲಿಕೇಶಿಗೊಂದು ಬನಿಯನ್

ಬುಧವಾರ, 25 ಅಕ್ಟೋಬರ್ 2023
ನವನಗರ, ಬಾಗಲಕೋಟೆ

ದಸರಾ ಸೂಟಿ ಮುಗಿದು ಸಾಲಿ ಶುರುವಾದ ದಿನವೇ ಮಗ ಚೀಟಿ ತಂದ. ರಾಜ್ಯಕ್ಕೆ ‘ಕರ್ನಾಟಕ’ ಎಂದು ಹೆಸರಿಟ್ಟು 50 ವರ್ಷವಾಯಿತು, ಅದಕ್ಕೇ ಈ ರಾಜ್ಯೋತ್ಸವಕ್ಕೆ ವೇಷಭೂಷಣ ಸ್ಪರ್ಧೆ. ಬಾಡಿಗೆ ಡ್ರೆಸ್ ನಡೆಯುವುದಿಲ್ಲ, ಮನೆಯಲ್ಲೇ ಮಾಡಿರಬೇಕು. ಒಳ್ಳೆಯ ಷರತ್ತು. ಆದರೆ ಆ ‘ಮನೆ’ ಎಂದರೆ ಯಾರು ಎಂಬುದು ಚೀಟಿ ಬರೆದವರಿಗೂ ಗೊತ್ತು, ನನಗೂ ಗೊತ್ತು.

“ನಾ ಪುಲಿಕೇಶಿ ಆಗಾಂವ. ರಾಯಣ್ಣ ಆಗ್ಲೇ ಮೂರು ಮಂದಿ ಆಗ್ಯಾರ.”

ಜನವರಿಯಲ್ಲಿ ಬನಶಂಕರಿ ಜಾತ್ರೆಯ ಕಂಪನಿ ನಾಟಕಕ್ಕೆ ಕರೆದೊಯ್ದಿದ್ದೆವು. ಅರ್ಧ ನಾಟಕ ನಿದ್ದೆಯಲ್ಲೇ ಕಳೆದ. ಆದರೂ ರಾಜನ ಮಖಮಲ್ ಕೋಟು ಮಾತ್ರ ಕಣ್ಣೊಳಗೆ ಉಳಿದಿದೆ. ನಮ್ಮ ಯಜಮಾನರಿಗೆ 1967ರ ‘ಇಮ್ಮಡಿ ಪುಲಿಕೇಶಿ’ ಚಿತ್ರದ ರಾಜಕುಮಾರ್ ಅವರೇ ಪುಲಿಕೇಶಿ. ಮಾವನವರ ತೀರ್ಪು ಇನ್ನೂ ಖಡಕ್: “ರಾಜಾ ಅಂದ್ರ ಎದಿ ತುಂಬ ಚಮಕಿ ಇರಬೇಕವಾ.”

ರಾತ್ರಿ ಹಳೇ ಟ್ರಂಕು ತೆಗೆದೆ. ಹಳೇ ಊರು ಆಣೆಕಟ್ಟಿನ ಹಿನ್ನೀರಿಗೆ ಮುಳುಗಡೆಯಾದ ಕಾಲಕ್ಕೆ ಅಲ್ಲಿಂದ ಬಂದದ್ದು, ಅದರೊಳಗೆ ಏನಿದೆ ಏನಿಲ್ಲ ಯಾರಿಗೂ ಗೊತ್ತಿಲ್ಲ. ಮಖಮಲ್ ಸಿಗಲಿಲ್ಲ. ಹಳೇ ಲಗ್ನಪತ್ರಿಕೆಗಳ ಒಂದು ಕಟ್ಟು ಸಿಕ್ಕಿತು. ದಪ್ಪ ಕಾಗದ, ಮಾಸಿದ ಬಂಗಾರದ ಬಣ್ಣ. ಎತ್ತಿಟ್ಟುಕೊಂಡೆ.

ಶುಕ್ರವಾರ, 27 ಅಕ್ಟೋಬರ್

ಬೂಟಿನ ಡಬ್ಬಿಯ ರಟ್ಟಿನಲ್ಲಿ ಕಿರೀಟ ಕತ್ತರಿಸಿ ಬೇಗಡಿ ಅಂಟಿಸಿದ್ದೆ. ಮಾವನವರು ಡಬ್ಬಿಯ ಮುಚ್ಚಳ ನೋಡಿದವರೇ “ಕಾಲಾಗಿಂದು ತಲಿ ಮ್ಯಾಲ ಇಡತೀರೇನವಾ?” ಎಂದರು. ಅಲ್ಲಿಗೆ ಆ ಕಿರೀಟದ ಕತೆ ಮುಗಿಯಿತು. ಆದರೆ ಅದಕ್ಕೂ ಮುಂಚೆ ಮಾಳಿಗೆಯ ಮೇಲೆ ಬೆಳಗಿನ ಬಿಸಿಲಿಗೆ ಹಿಡಿದು ನೋಡಿದ್ದೆ. ಬೇಗಡಿ ಕಣ್ಣು ಕುಕ್ಕುತ್ತಿತ್ತೇ ಹೊರತು, ಅದು ಕಿರೀಟವೋ ಬೋಗುಣಿಯೋ ತಿಳಿಯುವಂತಿರಲಿಲ್ಲ.

ಮಾವನವರು ಒಂದು ಕಾಲಕ್ಕೆ ಊರ ಜಾತ್ರೆಯಲ್ಲಿ ಬಣ್ಣ ಹಚ್ಚಿದವರು. ಕಂದಗಲ್ ಹನುಮಂತರಾಯರ ‘ರಕ್ತರಾತ್ರಿ’ಯ ಹೆಸರೆತ್ತಿದರೆ ಈಗಲೂ ಎದ್ದು ಕೂರುತ್ತಾರೆ. (ಕಂದಗಲ್ ನನ್ನ ತವರಿನ ಸೀಮೆಯದು, ಈ ಮನೆಯಲ್ಲಿ ನಾನು ಜಂಬ ಪಡುವ ಒಂದೇ ವಿಷಯ.) ಗ್ಯಾಸಬತ್ತಿ ಬೆಳಕಿನಲ್ಲಿ, ದೂರದಲ್ಲಿ ಚಕ್ಕಡಿ ಮೇಲೆ ಕೂತವನಿಗೂ ರಾಜ ಯಾರು, ಕಾವಲಿನವ ಯಾರು ಎಂದು ಗೊತ್ತಾಗಬೇಕಿತ್ತಂತೆ. ಮಖಮಲ್, ಚಮಕಿ, ಗಾಜಿನ ಹರಳು ಬಂದದ್ದು ಆ ರಾತ್ರಿಗಾಗಿ, ಆ ದೂರಕ್ಕಾಗಿ. ಅದನ್ನು ನಕಲಿ ಎನ್ನಲು ನನಗೆ ಬಾಯಿ ಬಾರದು. ಆದರೆ ನಮ್ಮ ಹುಡುಗ ನಿಲ್ಲುವುದು ಬೆಳಗಿನ ಒಂಬತ್ತರ ಬಿಸಿಲಿಗೆ, ಸಾಲಿ ಅಂಗಳದಲ್ಲಿ, ಮೊದಲ ಸಾಲಿಗೆ ನಾಲ್ಕು ಮಾರು ದೂರದಲ್ಲಿ. ಅಲ್ಲಿ ಬೇಕಾದದ್ದು ಉಬ್ಬು ತಗ್ಗು, ನೆರಳು ಬೀಳುವಂಥದ್ದು. ಬೇಗಡಿ ಬೇಡ.

ಶನಿವಾರ, 28 ಅಕ್ಟೋಬರ್
ಇಳಕಲ್

ಶೀಗಿ ಹುಣ್ಣಿಮೆ, ಮೇಲೆ ಚಂದ್ರಗ್ರಹಣ. ದಾರಿಯಲ್ಲಿ ಅಮೀನಗಡದಲ್ಲಿ ಕರದಂಟು ಕೊಂಡೆವು. ಅವ್ವನಿಗೆ ಕರದಂಟು, ನನಗೆ ಡಬ್ಬಿ. ಮಳೆ ಕೈಕೊಟ್ಟ ವರ್ಷ. ಹುನಗುಂದದ ಕರಿನೆಲ ಬಿರುಕು ಬಿಟ್ಟಿದೆ, ಆದರೂ ಚರಗ ಚೆಲ್ಲಲು ಬುಟ್ಟಿ ಹೊತ್ತ ಮಂದಿ ಹೊಲದ ಕಡೆ ಹೊರಟಿದ್ದರು.

ತವರುಮನೆ ಹೊಕ್ಕ ಕೂಡಲೇ ಅವ್ವ ಅವಸರ ಮಾಡಿದಳು: “ಕತ್ರಿ ಹಚ್ಚೂದಿದ್ರ ಈಗ ಹಚ್ಚು. ಗ್ರಹಣದ ವೇಧ ಹಿಡದ್ ಮ್ಯಾಲ ನನ್ನ ಮನ್ಯಾಗ ಸೂಜಿ ಸೈತ ಮುಟ್ಟಾಂಗಿಲ್ಲ.” ನನಗೆ ನಂಬಿಕೆ ಇಲ್ಲ. ಮನೆ ಅವಳದು, ವಾದಿಸಲಿಲ್ಲ.

ಕೌದಿಗೆಂದು ಇಟ್ಟ ಹಳೇ ಸೀರೆಗಳ ಗಂಟು ಬಿಚ್ಚಿದಳು. ಇಳಕಲ್ ಸೀರೆಯಲ್ಲಿ ಮೈಯ ಹಾಸು ಬೇರೆ, ಸೆರಗಿನ ಹಾಸು ಬೇರೆ. ಮೈ ನೂಲಿನದು, ಸೆರಗು ಕೆಂಪು ರೇಷ್ಮೆಯದು. ಎರಡರ ಎಳೆಗಳನ್ನೂ ಒಂದೊಂದಾಗಿ ಕೊಂಡಿ ಹಾಕಿ ಕೂಡಿಸಿಯೇ ನೇಯ್ಗೆ ಮುಂದುವರಿಯಬೇಕು. ಅಪ್ಪ ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತಿರುತ್ತಿದ್ದ, ಅವ್ವ ಕಂಡಿಕಿ ಸುತ್ತುತ್ತಿದ್ದಳು. ಈ ಸೀರೆಯ ಮೈ ಮೊಣಕಾಲಿನ ಹತ್ತಿರ ಜಾಳಾಗಿ ಹೋಗಿದೆ, ಸೆರಗು ಮಾತ್ರ ಗಟ್ಟಿ ಇದೆ. ಮೂರು ಕೆಂಪು ಪಟ್ಟೆ, ನಡುವೆ ಎರಡು ಬಿಳಿ, ಅಂಚಿನಲ್ಲಿ ಜೋಳದ ತೆನೆಯಂಥ ತೋಪತೆನಿ. ಕೋಟೆಯ ಕೊಮ್ಮೆಯಂಥದ್ದೂ, ಹಣಿಗೆಯ ಹಲ್ಲಿನಂಥದ್ದೂ ಆ ಗಂಟಿನಲ್ಲಿದ್ದವು. ರಾಜನಿಗೆ ಕೋಟೆಯದೇ ಸರಿ ಎಂದೆ ನಾನು. ಮಗ ತೆನಿಯದನ್ನೇ ಹಿಡಿದ.

ಕೊಂಡಿಯ ಆಚೆಗೆ ಎರಡು ಬೆರಳು ಬಿಟ್ಟು ಅವ್ವ ತಾನೇ ಕತ್ತರಿಸಿದಳು. “ಇದು ಕೊಟ್ಟಿದ್ದಲ್ಲ, ಎರವು” ಎಂದು ಮಗನಿಗೂ ಹೇಳಿ ನನಗೂ ಹೇಳಿದಳು. ಜೊತೆಗೆ ಗುಳೇದಗುಡ್ಡ ಖಣದ ಒಂದು ಹಸಿರು ತುಂಡು ಸಿಕ್ಕಿತು. ಯಾರ ಸೀಮಂತದ್ದೋ ಏನೋ.

ಭಾನುವಾರ, 29 ಅಕ್ಟೋಬರ್

ನೇರ ಮನೆಗೆ ಬರದೆ ಐಹೊಳೆ, ಬಾದಾಮಿ ಸುತ್ತಿ ಬಂದೆವು. ರಾಜನ ಮನೆ ಇಷ್ಟು ಹತ್ತಿರ ಇಟ್ಟುಕೊಂಡು ಅಂಗಡಿಯ ಚಿತ್ರಪಟ ನೋಡಿ ವೇಷ ಹೊಲಿಯುವುದು ನನಗೆ ಸರಿಬರಲಿಲ್ಲ.

ಮೇಗುತಿ ಗುಡ್ಡ ಏರುವಷ್ಟರಲ್ಲಿ ಮಗ ಎರಡು ಸಲ ನೀರು ಕುಡಿದ. ರವಿಕೀರ್ತಿಯ ಶಾಸನ ಅಲ್ಲೇ ಗೋಡೆಯಲ್ಲಿದೆ, 634–35ರದು. ಪುಲಿಕೇಶಿ ಹರ್ಷನನ್ನು ಸೋಲಿಸಿದ್ದು ಇಲ್ಲಿ ಬರೆದಿದೆ ಎಂದು ತೋರಿಸಿದೆ. “ಇದು ಓದಾಕ ಬರಂಗಿಲ್ಲಲ್ಲ” ಎಂದ. ನನಗೂ ಬರುವುದಿಲ್ಲ.

ಬಾದಾಮಿಯ ಮೂರನೇ ಗವಿಯಲ್ಲಿ ಮಾತ್ರ ಕೆಲಸವಾಯಿತು. 578ರಲ್ಲಿ ಮಂಗಳೇಶ ಮಾಡಿಸಿದ್ದು. ಅವನು ಪುಲಿಕೇಶಿಯ ಚಿಕ್ಕಪ್ಪ, ಮುಂದೆ ಅವನ ಜೊತೆ ಕಾದಾಡಿಯೇ ಪುಲಿಕೇಶಿ ಪಟ್ಟಕ್ಕೆ ಬಂದದ್ದು ಎಂದೆ. “ಕಾಕಾನ ಜೋಡಿ ಜಗಳಾ ಮಾಡಿದ್ನಾ?” ಹುಡುಗನ ಮುಖ ಅರಳಿತು. ಹರ್ಷ ಅವನ ಪಾಲಿಗೆ ಅಲ್ಲಿಗೇ ಸತ್ತ.

ಆದಿಶೇಷನ ಮೇಲೆ ಕೂತ ವಿಷ್ಣು, ವರಾಹ, ತ್ರಿವಿಕ್ರಮ. ನಾನು ನೋಡಿದ್ದು ಅವರ ಬಟ್ಟೆಯನ್ನೇ. ಎತ್ತರದ ಕಿರೀಟ, ಕೊರಳಿಗೆ ಅಗಲ ಹಾರ, ತೋಳಬಂದಿ, ಹೊಟ್ಟೆಗೊಂದು ಪಟ್ಟಿ, ಸೊಂಟಕ್ಕೆ ಡಾಬು, ತೊಡೆಯ ಮೇಲೆ ಇಳಿಬಿದ್ದ ವಸ್ತ್ರ. ಹೊಲಿದ ಅಂಗಿ ಇಲ್ಲ, ಕೋಟಂತೂ ಇಲ್ಲವೇ ಇಲ್ಲ. ಕಲ್ಲಿನ ಕಿರೀಟ ಕಾಣುವುದು ಕೆತ್ತನೆಯ ನೆರಳಿನಿಂದ. ನನಗೆ ಬೇಕಾದದ್ದೂ ಅದೇ.

“ಮೀಸಿ ಎಲ್ಲಿ?” ಎಂದ ಮಗ. ಮೀಸೆಯೂ ಇಲ್ಲ. ಅದು ಮನೆಯಲ್ಲಿ ದೊಡ್ಡ ತಕರಾರಾಯಿತು.

ಮಂಗಳವಾರ, 31 ಅಕ್ಟೋಬರ್

ನಿನ್ನೆ ಇವತ್ತು ಇದೇ ಕೆಲಸ. ಕರದಂಟಿನ ಡಬ್ಬಿಯ ರಟ್ಟಿಗೆ ಲಗ್ನಪತ್ರಿಕೆಯ ಕಾಗದ ಹಚ್ಚಿ, ಅದರ ಮೇಲೆ ಮೈದಾ ಅಂಟಿನಲ್ಲಿ ಕುಂಬಳ ಬೀಜದ ಸಾಲು, ನಡುವೆ ಕಡ್ಲಿಬ್ಯಾಳಿ. ಬೀಜದ ಚೂಪು ಮೇಲಕ್ಕಿದ್ದರೆ ಎಸಳು, ಕೆಳಕ್ಕಿದ್ದರೆ ಪದಕ. ಒಣಗಿದ ಮೇಲೆ ಅರಿಷಿಣ ಕಲಸಿದ ಅಂಟನ್ನು ತೆಳ್ಳಗೆ ಬಳಿದೆ. ತೋಳಬಂದಿಗೂ ಡಾಬಿಗೂ ಇದೇ ಉಪಾಯ. ಹೊಟ್ಟೆಯ ಪಟ್ಟಿ ಖಣದ್ದು. ಸೆರಗಿಗೆ ಸೂಜಿ ಮುಟ್ಟಿಸದೆ ಮಡಿಕೆ ಹಾಕಿ, ಒಳಗೆ ಉಡದಾರಕ್ಕೆ ಸಿಕ್ಕಿಸಿದ್ದೇನೆ.

“ಅಂಗಿ ಬಿಚ್ಚಿ ನಾ ಸಾಲಿಗೆ ಬರೂದಿಲ್ಲ.” ಇದು ಯಾವ ಗವಿಯಲ್ಲೂ ಉತ್ತರವಿಲ್ಲದ ಪ್ರಶ್ನೆ. ಎಂಟು ವರ್ಷದವನ ನಾಚಿಕೆಯನ್ನು ಇತಿಹಾಸದ ಹೆಸರಿನಲ್ಲಿ ತುಳಿಯುವುದು ಸರಿಯಲ್ಲ. ಮಾವನವರೇ ದಾರಿ ಹೇಳಿದರು: ಬಿಳಿ ಬನಿಯನ್ನನ್ನು ಚಹಾದ ಡಿಕಾಕ್ಷನ್ನಿನಲ್ಲಿ ಅದ್ದುವುದು. ಎರಡು ಸಲ ಅದ್ದಿ ಒಣಹಾಕಿದ ಮೇಲೆ ಅವನ ಮೈಬಣ್ಣಕ್ಕೆ ಹತ್ತಿರ ಬಂತು.

ಮೀಸೆ ಕೊಟ್ಟೆ. ಮೀಸೆ ಇಲ್ಲದ ರಾಜನನ್ನು ಬಾಗಲಕೋಟೆಯಲ್ಲಿ ಯಾರೂ ಒಪ್ಪುವುದಿಲ್ಲ ಎಂದರು ಮಾವನವರು. ಒಪ್ಪಿಸುವ ಹುರುಪು ನನ್ನಲ್ಲಿ ಉಳಿದಿರಲಿಲ್ಲ. ಕಾಡಿಗೆ ಸಾಕು.

ಬುಧವಾರ, 1 ನವೆಂಬರ್

ಚೆನ್ನಮ್ಮ ಐದು, ರಾಯಣ್ಣ ನಾಲ್ಕು, ಒಬ್ಬ ಬಸವಣ್ಣ, ಒಬ್ಬಳು ಅಕ್ಕಮಹಾದೇವಿ, ಪುಲಿಕೇಶಿ ಒಬ್ಬನೇ. ಬಿಸಿಲು ಚೆನ್ನಾಗಿತ್ತು, ಕಿರೀಟದ ಬೀಜಗಳ ನೆರಳು ಹಿಂದಿನ ಸಾಲಿಗೂ ಕಂಡಿತು. ಹರ್ಷನ ಬಗ್ಗೆ ಬಾಯಿಪಾಠ ಮಾಡಿಸಿದ್ದನ್ನು ಒಂದೇ ಉಸಿರಿಗೆ ಒಪ್ಪಿಸಿ, ಕೇಳದಿದ್ದರೂ “ನಮ್ಮ ಕಾಕಾನ್ನೂ ಸೋಲಿಸೇನಿ” ಎಂದು ಸೇರಿಸಿದ. ಅವನ ಸ್ವಂತ ಕಾಕಾ ಪ್ರೇಕ್ಷಕರಲ್ಲೇ ಇದ್ದ. ಬಹುಮಾನ ಕಟ್ಟಿಗೆ ಕುದುರೆ ಏರಿ ಬಂದ ಚೆನ್ನಮ್ಮಳ ಪಾಲಾಯಿತು. ಕುದುರೆ ನಿಜಕ್ಕೂ ಚೆನ್ನಾಗಿತ್ತು.

ಕಿರೀಟದ ಕಡ್ಲಿಬ್ಯಾಳಿಗೆ ಸಂಜೆಗೇ ಇರುವೆ ಮುತ್ತಿವೆ. ಪಕ್ಕದ ಮನೆಯವರು ಮಗಳ ಗ್ಯಾದರಿಂಗಿಗೆ ಕೃಷ್ಣನ ವೇಷಕ್ಕೆ ಅದನ್ನೇ ಕೇಳಿದ್ದಾರೆ, ನವಿಲುಗರಿ ಸಿಕ್ಕಿಸಿಕೊಳ್ಳುತ್ತಾರಂತೆ. ಕೊಡವಿ ಕೊಡಬೇಕು. ರಾತ್ರಿ ಅವ್ವನ ಫೋನು. ಬಹುಮಾನದ ಸುದ್ದಿ ಕೇಳಲಿಲ್ಲ. “ಸೆರಗಿಗೆ ಅಂಟು ಹತ್ತಿಲ್ಲಲ್ಲ? ದೀಪಾವಳಿಗೆ ಬರೂ ಮುಂದ ತಗೊಂಡ ಬಾ, ಕೌದಿ ಅರ್ಧಕ್ಕ ನಿಂತೈತಿ.”