ಹಸಿವಿಗೆ ಬುತ್ತಿ, ರುಚಿಗೆ ಜಾತ್ರೆ

ಸಂಕ್ರಾಂತಿ ಹತ್ತಿರ ಬಂತೆಂದರೆ ನಮ್ಮ ಮೋರಟಗಿಯ ಬಸ್ ನಿಲ್ದಾಣದಲ್ಲಿ ನಿಲ್ಲಲು ಜಾಗವಿರುವುದಿಲ್ಲ. ಎಲ್ಲರ ದಾರಿಯೂ ಒಂದೇ. ಮೊದಲು ಸಿಂದಗಿ, ಅಲ್ಲಿಂದ ಸುಮಾರು 60 ಕಿಲೋಮೀಟರ್ ದೂರದ ವಿಜಯಪುರ, ಅಲ್ಲಿ ಸಿದ್ಧೇಶ್ವರನ ಜಾತ್ರೆ. ಎತ್ತಿನ ವ್ಯಾಪಾರದವರು ಮೊದಲೇ ಹೋಗಿರುತ್ತಾರೆ. ಉಳಿದವರು ನಂದಿಧ್ವಜದ ಮೆರವಣಿಗೆ ನೋಡಲು, ಮದ್ದು ಸುಡುವುದನ್ನು ನೋಡಲು, ಬಳೆ ಇಡಿಸಿಕೊಳ್ಳಲು ಹೊರಡುತ್ತಾರೆ. ಕೇಳಿದರೆ ಯಾರೂ ಹೇಳುವುದಿಲ್ಲ, ಆದರೆ ಎಲ್ಲರೂ ತಿನ್ನಲೂ ಹೋಗುತ್ತಾರೆ.

ಬೆಂಗಳೂರಿನವರಿಗೆ ಅವರೆಬೇಳೆ ಮೇಳವಿದೆ, ಬಸವನಗುಡಿಯ ಕಡಲೆಕಾಯಿ ಪರಿಷೆಯಿದೆ. ನಮ್ಮ ಬಯಲುಸೀಮೆಗೆ ಜಾತ್ರೆಯೇ ಆಹಾರ ಮೇಳ. ಎಣ್ಣೆಯಲ್ಲಿ ಉಬ್ಬುವ ಮಿರ್ಚಿ ಭಜಿ, ಗುಡ್ಡೆ ಹಾಕಿದ ಚುರುಮುರಿ, ಬೆಂಡು, ಬತ್ತಾಸು, ಪುಟಾಣಿ, ಶೇವು, ಬಿಸಿ ಜಿಲೇಬಿ, ಕಬ್ಬಿನ ಹಾಲು. ಒಂದು ಕಡೆ ಆಕಾಶಕ್ಕೆ ಏರುವ ತೊಟ್ಟಿಲು, ಇನ್ನೊಂದು ಕಡೆ ಭಾರ ಎತ್ತುವವರ ಸುತ್ತ ಶಿಳ್ಳೆ. ದೊಡ್ಡ ನಗರಗಳ ಮನರಂಜನಾ ಉದ್ಯಾನಗಳಿಗೂ ಇದಕ್ಕೂ ಒಂದು ಮುಖ್ಯ ವ್ಯತ್ಯಾಸವಿದೆ. ಅಲ್ಲಿ ಬಾಗಿಲಲ್ಲೇ ಚೀಲ ತಪಾಸಣೆ ಮಾಡಿ, ಮನೆಯ ತಿಂಡಿ ಹೊರಗೆ ಇಡಿಸುತ್ತಾರೆ. ಜಾತ್ರೆಗೆ ಬಾಗಿಲೇ ಇಲ್ಲ. ಬುತ್ತಿ ತರಬೇಡ ಎನ್ನುವವರೂ ಇಲ್ಲ. ಆದರೂ ಬುತ್ತಿಯ ಗಂಟುಗಳು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿವೆ.

ಇದಕ್ಕೆ ಬಸ್ಸೂ ಒಂದು ಕಾರಣವೆಂದು ನನ್ನ ಅನಿಸಿಕೆ. ರಾಜ್ಯದಲ್ಲಿ 2023ರ ಜೂನ್ 11ರಂದು ಶಕ್ತಿ ಯೋಜನೆ ಜಾರಿಗೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ ಹಣವಿಲ್ಲ. ಒಳ್ಳೆಯದೇ ಆಯಿತು. ವರ್ಷಗಟ್ಟಲೆ ಜಾತ್ರೆ ಕಾಣದ ಮುದುಕಿಯರೂ ಈಗ ಹೊರಡುತ್ತಾರೆ. ಆದರೆ ಬಸ್ಸಿನಲ್ಲಿ ಉಳಿದ ದುಡ್ಡು ಜಾತ್ರೆಯ ಮೊದಲ ಅಂಗಡಿಯಲ್ಲೇ ಕರಗಿಹೋಗುತ್ತದೆ.

ಹಲಗೆಯ ಮೇಲಿನ ಲೆಕ್ಕ

ಹಿಂದಿನ ವರ್ಷ ಒಂಬತ್ತನೆಯ ತರಗತಿಯಲ್ಲಿ ಜಾತ್ರೆಯ ಮಾತು ಬಂತು. ಎಲ್ಲರೂ ಕೈ ಎತ್ತಿದರು, ಒಬ್ಬ ಹುಡುಗಿ ಮಾತ್ರ ಎತ್ತಲಿಲ್ಲ. ಕೇಳಿದೆ. ‘ಈ ಸಲ ನಾವು ಹೋಗಂಗಿಲ್ರಿ ಸರ. ಹೋದ್ರ ನೀವು ಬೇಡತೀರಿ, ನನಗ ಕೊಡಸಾಕ ಆಗಂಗಿಲ್ಲ ಅಂತ ಅಪ್ಪ ಅಂದಾನ’ ಎಂದಳು. ಬಸ್ಸು ಇದೆ, ರಜೆ ಇದೆ, ಆಸೆಯೂ ಇದೆ. ತಡೆಯುತ್ತಿರುವುದು ಜಾತ್ರೆಯ ತಿಂಡಿಯ ಹೆದರಿಕೆ. ಆಗ ಪಾಠ ಬಿಟ್ಟು ಹಲಗೆಯ ಮೇಲೆ ಲೆಕ್ಕ ಹಾಕಿದೆವು.

ಐದು ಜನರ ಮನೆ. ಒಬ್ಬರಿಗೆ ಬೆಳಗಿನ ನಾಷ್ಟಾ 40 ರೂಪಾಯಿ, ಮಧ್ಯಾಹ್ನದ ಊಟ 80, ಸಂಜೆಯ ಭಜಿ ಮತ್ತು ಚಹಾ 40 ಎಂದು ಇಟ್ಟುಕೊಳ್ಳೋಣ. ತಲೆಗೆ 160, ಐದು ಮಂದಿಗೆ 800. ನೀರಿನ ಬಾಟಲಿ 20ರಂತೆ ಐದು, ಅದು 100. ಒಟ್ಟು 900. ಕರ್ನಾಟಕದಲ್ಲಿ ಉದ್ಯೋಗ ಖಾತರಿಯ ದಿನಗೂಲಿ 2025-26ರಲ್ಲಿ 370 ರೂಪಾಯಿ. ಅಂದರೆ ಒಬ್ಬ ಕೂಲಿಯ ಸುಮಾರು ಎರಡೂವರೆ ದಿನದ ದುಡಿಮೆ ಒಂದೇ ದಿನದಲ್ಲಿ ಬಾಯಿಗೆ ಹೋಯಿತು.

ಈಗ ಬುತ್ತಿ ಒಯ್ದರೆ? ನಾಷ್ಟಾ, ಊಟ, ನೀರು ಮೂರೂ ಮನೆಯವೇ. ಅಲ್ಲಿಗೆ 700 ರೂಪಾಯಿ ಉಳಿಯಿತು. ರೊಟ್ಟಿಗೂ ಜೋಳ ಬೇಕಲ್ಲ ಎಂದು ಒಬ್ಬ ಜಾಣ ಕೇಳಿದ. ಬೇಕು, ಆದರೆ ಆ ಜೋಳ ಮನೆಯಲ್ಲಿದ್ದರೂ ಖರ್ಚಾಗುತ್ತಿತ್ತು. ಉಳಿದ 200 ರೂಪಾಯಿಯಲ್ಲಿ ಸಂಜೆಯ ಭಜಿ, ಚಹಾ ಎಲ್ಲರಿಗೂ ಸಿಕ್ಕೇ ಸಿಗುತ್ತದೆ. ಮಕ್ಕಳು ಏನನ್ನೂ ಕಳೆದುಕೊಳ್ಳುವುದಿಲ್ಲ. ಹುಡುಗಿ ಈ ಲೆಕ್ಕವನ್ನು ವಹಿಯಲ್ಲಿ ಬರೆದುಕೊಂಡು ಹೋಗಿ ಅಪ್ಪನಿಗೆ ತೋರಿಸಿದಳು. ಅವರು ಆ ವರ್ಷ ಜಾತ್ರೆಗೆ ಬಂದರು.

ರೊಟ್ಟಿಯ ವಿಜ್ಞಾನ

ನಮ್ಮ ಹಿರಿಯರು ಬುತ್ತಿಗೆ ಆರಿಸಿದ ಪದಾರ್ಥಗಳನ್ನು ನೋಡಿದರೆ ವಿಜ್ಞಾನದ ಮಾಸ್ತರನಿಗೂ ಬೆರಗಾಗುತ್ತದೆ. ಮೊದಲನೆಯದು ಖಡಕ್ ರೊಟ್ಟಿ. ಜೋಳದ ಹಿಟ್ಟಿನಲ್ಲಿ ಗೋದಿಯ ಹಾಗೆ ಅಂಟು ಇಲ್ಲ. ಅದಕ್ಕೇ ಕುದಿಯುವ ನೀರು ಹಾಕಿ ನಾದುತ್ತಾರೆ. ಬಿಸಿಗೆ ಪಿಷ್ಟ ಉಬ್ಬಿ ಹಿಟ್ಟನ್ನು ಹಿಡಿದುಕೊಳ್ಳುತ್ತದೆ. ತೆಳ್ಳಗೆ ಬಡಿದು, ಬೇಯಿಸಿ, ಒಣಗಿಸಿದ ಮೇಲೆ ರೊಟ್ಟಿಯಲ್ಲಿ ನೀರಿನ ಅಂಶ ಬಹಳ ಕಡಿಮೆ ಉಳಿಯುತ್ತದೆ. ನೀರಿಲ್ಲದಲ್ಲಿ ಬೂಸ್ಟು ಬೆಳೆಯುವುದಿಲ್ಲ. ಆದ್ದರಿಂದ ಖಡಕ್ ರೊಟ್ಟಿ ವಾರಗಟ್ಟಲೆ ಇರುತ್ತದೆ, ಚಪಾತಿ ಮರುದಿನವೇ ಹಳಸುತ್ತದೆ. ನಮ್ಮ ಕಪ್ಪು ನೆಲದ ಹಿಂಗಾರಿ ಬಿಳಿಜೋಳ, ಅದರಲ್ಲೂ ಮಾಲ್ದಂಡಿ ತಳಿ, ರೊಟ್ಟಿಗೆ ಹೆಸರಾದದ್ದು.

ಎರಡನೆಯದು ಹಿಂಡಿ. ಶೇಂಗಾ, ಗುರೆಳ್ಳು, ಅಗಸಿ, ಯಾವುದಾದರೂ ಸರಿ. ಜೋಳದ ಪ್ರೊಟೀನಿನಲ್ಲಿ ಲೈಸಿನ್ ಎಂಬ ಅಂಶ ಕಡಿಮೆ. ಜೊತೆಗೆ ಕಾಳಿನ ಪಲ್ಯ, ಮೊಸರು ಇದ್ದರೆ ಆ ಕೊರತೆ ತುಂಬುತ್ತದೆ. ಹಿಂಡಿಯ ಎಣ್ಣೆಯಂಶ ಹೊಟ್ಟೆಯಲ್ಲಿ ಬಹಳ ಹೊತ್ತು ನಿಲ್ಲುತ್ತದೆ. ಮೂರನೆಯದು ಸಂಕ್ರಾಂತಿಯ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ ಮತ್ತು ಶೇಂಗಾ ಹೋಳಿಗೆ. ಚಳಿಯ ದಿನಕ್ಕೆ ಬೇಕಾದ ಶಕ್ತಿ ಅದರಲ್ಲಿದೆ. ಹೊಲದಿಂದ ಸುಲಗಾಯಿ, ಗಜ್ಜರಿ, ಸವತಿಕಾಯಿ ತಂದರೆ ಅವಕ್ಕೆ ಬೆಲೆಯೇ ಇಲ್ಲ.

ಒಂದು ಎಚ್ಚರಿಕೆ. ಎಣ್ಣೆಗಾಯಿ ಬದನೆಕಾಯಿ, ಕಾಳಿನ ಪಲ್ಯ, ಮೊಸರು ಇವನ್ನು ಮಧ್ಯಾಹ್ನದೊಳಗೆ ಮುಗಿಸಬೇಕು. ಸಂಜೆಗೆ ಒಣ ಪದಾರ್ಥ ಮಾತ್ರ ಇಟ್ಟುಕೊಳ್ಳಬೇಕು. ನೀರು ಮನೆಯಲ್ಲಿ ಕುದಿಸಿ ಆರಿಸಿ ಒಯ್ದರೆ ದುಡ್ಡೂ ಉಳಿಯಿತು, ಹೊಟ್ಟೆಯೂ ಉಳಿಯಿತು.

ಮೂಗಿಗೆ ಕಡಿವಾಣ

ಜಾತ್ರೆಯ ವ್ಯಾಪಾರ ನಡೆಯುವುದು ವಾಸನೆಯ ಮೇಲೆ. ಖಾಲಿ ಹೊಟ್ಟೆಯವನಿಗೆ ಹತ್ತು ಅಂಗಡಿಯೂ ಕರೆಯುತ್ತವೆ. ಆದ್ದರಿಂದ ಬಸ್ಸಿಳಿದ ಕೂಡಲೇ ಮರದ ನೆರಳು ನೋಡಿ ಅರ್ಧ ರೊಟ್ಟಿಯಾದರೂ ತಿಂದು ಮುಂದೆ ನಡೆಯಬೇಕು. ಹೊಟ್ಟೆ ತುಂಬಿದ ಸುದ್ದಿ ಮಿದುಳಿಗೆ ಮುಟ್ಟಲು ಇಪ್ಪತ್ತು ನಿಮಿಷವಾದರೂ ಬೇಕು.

ಆಮೇಲೆ ಮೊದಲು ಒಂದು ಸುತ್ತು ಹಾಕಬೇಕು, ಕೊಳ್ಳಬಾರದು. ಮೂಲೆಯ ಅಂಗಡಿಗೂ ನಡುಬೀದಿಯ ಅಂಗಡಿಗೂ ಬೆಲೆಯಲ್ಲಿ ಅಂತರವಿರುತ್ತದೆ. ಎರಡನೆಯ ಸುತ್ತಿನಲ್ಲಿ ಒಂದು ಪ್ಲೇಟು ಕೊಂಡು ನಾಲ್ಕು ಮಂದಿ ಹಂಚಿಕೊಂಡರೆ ನಾಲ್ಕು ಬಗೆ ರುಚಿ ನೋಡಬಹುದು. ಪ್ರತಿಯೊಬ್ಬರೂ ಒಂದೊಂದು ಪ್ಲೇಟು ಕೊಂಡರೆ ಒಂದೇ ರುಚಿಗೆ ಹೊಟ್ಟೆಯೂ ಜೇಬೂ ಮುಗಿಯುತ್ತವೆ.

ಕಡಾಯಿಯ ಎಣ್ಣೆಯನ್ನೂ ನೋಡಬೇಕು. ಮತ್ತೆ ಮತ್ತೆ ಕಾಯಿಸಿದ ಎಣ್ಣೆ ಕಪ್ಪಾಗಿ, ಗಟ್ಟಿಯಾಗಿ, ನೊರೆ ಬಿಡುತ್ತದೆ. ಅದರಲ್ಲಿ ಹುಟ್ಟುವ ಕೆಟ್ಟ ಅಂಶಗಳು ಶೇ 25ರ ಮಿತಿ ದಾಟಿದರೆ ಆ ಎಣ್ಣೆ ಬಳಸಬಾರದೆಂಬ ನಿಯಮ 2018ರಿಂದ ದೇಶದಲ್ಲಿದೆ. ಬಣ್ಣದ ಬಾಂಬೆ ಮಿಠಾಯಿಗೆ, ಕೆಂಪಗೆ ಹೊಳೆಯುವ ಗೋಬಿ ಮಂಚೂರಿಗೆ ಮಕ್ಕಳು ಮೊದಲು ಓಡುತ್ತಾರೆ. ಇವುಗಳಲ್ಲಿ ರೋಡಮೈನ್-ಬಿ ಎಂಬ ಬಟ್ಟೆಯ ಬಣ್ಣ ಸಿಕ್ಕಿದ್ದರಿಂದ 2024ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಕೃತಕ ಬಣ್ಣದ ಬಳಕೆಯನ್ನು ನಿಷೇಧಿಸಿತು. ಬಿಳಿಯ ಮಿಠಾಯಿ ಸಿಕ್ಕರೆ ಕೊಡಿಸಬಹುದು.

ಇನ್ನು ಮನೆಗೆ ಒಯ್ಯುವ ಫಳಾರ. ಜಾತ್ರೆಗೆ ಹೋದವರು ಓಣಿಗೆಲ್ಲ ಹಂಚಬೇಕು, ಇಲ್ಲದಿದ್ದರೆ ಮರ್ಯಾದೆ ಉಳಿಯುವುದಿಲ್ಲ. ಇದನ್ನು ಬಿಡಿ ಎಂದು ನಾನು ಹೇಳುವುದಿಲ್ಲ. ಚುರುಮುರಿ, ಪುಟಾಣಿ ಹೆಚ್ಚು ಕೊಂಡು, ಬೆಂಡು ಬತ್ತಾಸು ಮೇಲಿಷ್ಟು ಬೆರೆಸಿದರೆ ಹಂಚಿದ ಹಾಗೂ ಆಯಿತು, ಖರ್ಚೂ ಹಿಡಿತದಲ್ಲಿದ್ದಂತಾಯಿತು.

ನಾಚಿಕೆ ಯಾತಕ್ಕೆ?

ಬುತ್ತಿ ಕಡಿಮೆಯಾಗಲು ನಿಜವಾದ ಕಾರಣ ಸೋಮಾರಿತನವಲ್ಲ, ನಾಚಿಕೆ. ‘ಮಂದಿ ಮುಂದ ಗಂಟು ಬಿಚ್ಚಿದ್ರ ನಗತಾರ್ರಿ ಸರ’ ಎಂದು ದೊಡ್ಡ ಹುಡುಗರು ಹೇಳುತ್ತಾರೆ. ಇದೇ ಸಂಕ್ರಾಂತಿಗೆ ಕೃಷ್ಣೆ ಮಲಪ್ರಭೆ ಕೂಡುವ ಕೂಡಲಸಂಗಮಕ್ಕೆ ಹೋಗಿ ನೋಡಲಿ. ಹೊಳೆಯಲ್ಲಿ ಮಿಂದ ಜನ ದಂಡೆಯ ಮೇಲೆ ಸಾಲಾಗಿ ಬುತ್ತಿ ಬಿಚ್ಚಿ ಕುಳಿತಿರುತ್ತಾರೆ. ಕಾರಿನಲ್ಲಿ ಬಂದವರೂ ಟಂಟಂನಲ್ಲಿ ಬಂದವರೂ ಒಬ್ಬರ ಹೋಳಿಗೆಗೆ ಇನ್ನೊಬ್ಬರು ಕೈ ಚಾಚುತ್ತಾರೆ. ಅಲ್ಲಿಂದ ಹತ್ತಿರದ ಆಲಮಟ್ಟಿಗೆ ಹೋದರೂ ಹಾಗೆಯೇ. 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಹಾಕಿ, 2006ರಲ್ಲಿ ರಾಷ್ಟ್ರಪತಿ ಅಬ್ದುಲ್ ಕಲಾಂ ಅವರು ನಾಡಿಗೆ ಅರ್ಪಿಸಿದ ಆ ಜಲಾಶಯದ ಉದ್ಯಾನಗಳೇ ನಮ್ಮ ಜಿಲ್ಲೆಯ ಮಕ್ಕಳ ಮನರಂಜನಾ ಲೋಕ. ಸಂಜೆಯ ಸಂಗೀತ ಕಾರಂಜಿಗೆ ಕಾಯುವ ಹೊತ್ತಿನಲ್ಲಿ ಬುತ್ತಿಯಷ್ಟು ಸವಿ ಬೇರೊಂದಿಲ್ಲ.

ಎಲ್ಲರೂ ಬುತ್ತಿ ತಂದರೆ ಭಜಿಯವಳ ಗತಿಯೇನು ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. ಊರೂರು ಜಾತ್ರೆಗೆ ಒಲೆ ಹೊತ್ತು ತಿರುಗುವ ಆಕೆಗೂ ಮಕ್ಕಳಿದ್ದಾರೆ. ಅದಕ್ಕೇ ನಾನು ಮಕ್ಕಳಿಗೆ ಹೇಳುವುದು ಇಷ್ಟೇ: ಹಸಿವನ್ನು ಬುತ್ತಿಯಿಂದ ತೀರಿಸಿ, ರುಚಿಯನ್ನು ಆಕೆಯ ಹತ್ತಿರ ಕೊಳ್ಳಿ. ದುಡ್ಡಿಗೆ ಹೆದರಿ ಮನೆಯಲ್ಲೇ ಉಳಿದವನಿಂದ ಭಜಿಯವಳಿಗೆ ಒಂದು ರೂಪಾಯಿಯೂ ಸಿಗುವುದಿಲ್ಲ. ಬುತ್ತಿ ಕಟ್ಟಿಕೊಂಡು ಬಂದವನಿಂದ ಒಂದು ಪ್ಲೇಟಿನ ವ್ಯಾಪಾರವಾದರೂ ಆಗುತ್ತದೆ.

ಹೋಗುವವರಿಗೆ: ಜಾತ್ರೆ ಜನವರಿಯಲ್ಲಿ, ಸಂಕ್ರಾಂತಿಯ ಹಿಂದೆ ಮುಂದೆ ಕೆಲವು ದಿನ ನಡೆಯುತ್ತದೆ. ಸಿದ್ಧೇಶ್ವರ ಗುಡಿ ವಿಜಯಪುರ ಪಟ್ಟಣದ ನಡುವೆಯೇ ಇದೆ. ಸಿಂದಗಿ ಕಡೆಯಿಂದ ಬಸ್ಸುಗಳಿಗೆ ಕೊರತೆಯಿಲ್ಲ, ಆದರೆ ಮದ್ದು ಸುಡುವ ರಾತ್ರಿ ಮರಳುವ ಗದ್ದಲ ಹೆಚ್ಚು. ಒಂದು ಚಾದರ, ಎರಡು ಬಾಟಲಿ ನೀರು, ತಲೆಗೆ ಮೂರು ಖಡಕ್ ರೊಟ್ಟಿ, ಒಂದು ಡಬ್ಬಿ ಶೇಂಗಾ ಹಿಂಡಿ ಮತ್ತು ನಾಲ್ಕು ಉಳ್ಳಾಗಡ್ಡಿ ಮರೆಯಬೇಡಿ.