ಅಪ್ಪ, ಮಗಳು ಮತ್ತು ನಿಕ್ಸನ್

"ಆ ಮನುಷ್ಯನ ಮನೆ ನೋಡೋದಕ್ಕೆ ನಾನೂ ಬರಬೇಕೇನೋ?" ಅಂದರು ಅಪ್ಪ.

ಆಗಿದ್ದು ಇಷ್ಟು. ನನ್ನ ಮಗಳು ಈಗ ಹನ್ನೊಂದನೇ ಕ್ಲಾಸು. ಅಧಿಕಾರದಲ್ಲಿದ್ದಾಗ ಜನರ ಸಿಟ್ಟಿಗೆ ಗುರಿಯಾದ ಒಬ್ಬ ಅಮೆರಿಕನ್ ಅಧ್ಯಕ್ಷನನ್ನು ಆರಿಸಿಕೊಳ್ಳಿ, ಇವತ್ತು ಆತನ ಬಗ್ಗೆ ನಮ್ಮ ಅಭಿಪ್ರಾಯ ಬದಲಾಗಬೇಕೋ ಬೇಡವೋ ಬರೆಯಿರಿ ಅಂತ ಚರಿತ್ರೆಯ ಮೇಷ್ಟ್ರು ಹೇಳಿದ್ದರು. ಅವಳು ರಿಚರ್ಡ್ ನಿಕ್ಸನ್‌ನನ್ನು ಹಿಡಿದಳು. ದೊಡ್ಡ ಕಾರಣವೇನೂ ಇಲ್ಲ. ಆತ ಹುಟ್ಟಿದ ಯೋರ್ಬಾ ಲಿಂಡಾ ನಮ್ಮ ಮನೆಯಿಂದ ಅರ್ಧ ಗಂಟೆ ದಾರಿ. ಆತ ಹುಟ್ಟಿದ ಮನೆ, ಆತನ ಹೆಸರಿನ ಲೈಬ್ರರಿ, ಮ್ಯೂಸಿಯಂ, ಕೊನೆಗೆ ಸಮಾಧಿ ಕೂಡ ಒಂದೇ ಕಾಂಪೌಂಡಿನಲ್ಲಿವೆ. "ಒಂದೇ ಟ್ರಿಪ್ಪಲ್ಲಿ ಕೆಲಸ ಮುಗಿಯುತ್ತೆ" ಅನ್ನೋದು ಅವಳ ಲೆಕ್ಕ.

ತಿಪಟೂರಿನಿಂದ ಅಪ್ಪ ಆರು ತಿಂಗಳ ಮಟ್ಟಿಗೆ ಬಂದಿದ್ದಾರೆ. ಮೊಮ್ಮಗಳು ಕರೆದರೆ ಎಲ್ಲಿಗಾದರೂ ಹೊರಡುವವರು ಇದಕ್ಕೆ ಮಾತ್ರ ಮುಖ ಸಿಂಡರಿಸಿದರು. ಯಾಕೆ ಅನ್ನೋದು ನನಗೆ ಗೊತ್ತಿತ್ತು. ಚಿಕ್ಕಂದಿನಿಂದ ಕೇಳಿದ ಕತೆ ಅದು. 71ನೇ ಇಸವಿಯ ಡಿಸೆಂಬರಿನಲ್ಲಿ ಅಪ್ಪ ತುಮಕೂರಿನಲ್ಲಿ ಹಾಸ್ಟೆಲ್ ಹುಡುಗ. ಯುದ್ಧ ನಡೆದದ್ದು ಹದಿಮೂರೇ ದಿನ. ಸಂಜೆಯಾದರೆ ಹೋಟೆಲ್ಲಿನ ರೇಡಿಯೋ ಮುಂದೆ ಜನವೋ ಜನ. ಅಮೆರಿಕದ ಏಳನೇ ನೌಕಾಪಡೆ ಬಂಗಾಳ ಕೊಲ್ಲಿಗೆ ಹೊರಟಿದೆ, ಎಂಟರ್‌ಪ್ರೈಸ್ ಅನ್ನೋ ಅಣುಶಕ್ತಿಯ ವಿಮಾನವಾಹಕ ಹಡಗು ಬರುತ್ತಿದೆ ಅಂತ ಸುದ್ದಿ ಬಂದ ದಿನ ಹುಡುಗರೆಲ್ಲ ಬೀದಿಯಲ್ಲಿ ನಿಂತು ನಿಕ್ಸನ್‌ಗೆ ಬೈದರಂತೆ. "ಸ್ಕೂಲಲ್ಲಿ ಅವರು ಕಳಿಸಿದ ಗೋಧಿಯ ಉಪ್ಪಿಟ್ಟು ತಿಂದು ಬೆಳೆದ ಬಾಯಿ ಕಣೋ ಅದು. ಅದೇ ಬಾಯಲ್ಲೇ ಬೈದ್ವಿ" ಅಂತ ಅಪ್ಪ ನಗುತ್ತಾರೆ.

ನನ್ನ ನಿಕ್ಸನ್ ಬೇರೆ. ಈ ದೇಶಕ್ಕೆ ಬಂದ ಮೇಲೆ ಪರಿಚಯವಾದವನು. ವಾಟರ್‌ಗೇಟ್ ಹಗರಣದಲ್ಲಿ ಸಿಕ್ಕಿಹಾಕಿಕೊಂಡು 1974ರ ಆಗಸ್ಟ್ 9ರಂದು ರಾಜೀನಾಮೆ ಕೊಟ್ಟು ಹೋದ ಅಧ್ಯಕ್ಷ ಅನ್ನೋದಂತೂ ಎಲ್ಲರಿಗೂ ಗೊತ್ತು. ಆದರೆ ಆಫೀಸಿನಲ್ಲಿ ನನಗಿಂತ ಹಿರಿಯರೊಬ್ಬರಿದ್ದರು, ಲಾಸ್ ಏಂಜಲಿಸ್‌ನಲ್ಲೇ ಹುಟ್ಟಿ ಬೆಳೆದವರು. ಅವರು ಚಿಕ್ಕವರಿದ್ದಾಗ ಹೊಗೆಮಂಜು ಎಷ್ಟಿತ್ತೆಂದರೆ ಪಕ್ಕದಲ್ಲಿರುವ ಬೆಟ್ಟಗಳೇ ಕಾಣುತ್ತಿರಲಿಲ್ಲವಂತೆ, ಎದೆ ಉರಿಯುತ್ತಿತ್ತಂತೆ. ಕಾರಿನ ಹೊಗೆಗೆ ಕಡಿವಾಣ ಹಾಕಿದ 1970ರ ಶುದ್ಧ ಗಾಳಿ ಕಾಯಿದೆಗೆ ಸಹಿ ಹಾಕಿದ್ದು ನಿಕ್ಸನ್. ಪರಿಸರ ಸಂರಕ್ಷಣೆಗೆ ಅಂತಲೇ ಇ.ಪಿ.ಎ. ಇಲಾಖೆ ಹುಟ್ಟಿದ್ದು ಅದೇ ವರ್ಷದ ಡಿಸೆಂಬರಿನಲ್ಲಿ. 1973ರಲ್ಲಿ ಅಳಿವಿನಂಚಿನ ಪ್ರಾಣಿಗಳನ್ನು ಉಳಿಸುವ ಕಾಯಿದೆ. ಕಡ್ಡಾಯ ಸೈನ್ಯ ಸೇವೆ ನಿಂತಿದ್ದೂ ಆ ವರ್ಷವೇ. 1972ರ ಫೆಬ್ರವರಿಯಲ್ಲಿ ಚೀನಾ ಭೇಟಿ, ಮೇ ತಿಂಗಳಲ್ಲಿ ರಷ್ಯದವರ ಜೊತೆ ಅಣ್ವಸ್ತ್ರ ಒಪ್ಪಂದ. "ಈಗಿನವರ ಮುಂದೆ ನಿಕ್ಸನ್ ಎಷ್ಟೋ ವಾಸಿ" ಅನ್ನುವ ಮಾತನ್ನು ಆತನಿಗೆ ಎಂದೂ ವೋಟು ಹಾಕದವರ ಬಾಯಲ್ಲೇ ಕೇಳಿದ್ದೇನೆ.

ಮನೆಯ ಮಟ್ಟಿಗೂ ಒಂದು ವಿಷಯವಿದೆ. ನನ್ನ ಮಗಳು ಸ್ಕೂಲಿನ ಸಾಕರ್ ಟೀಮಿನಲ್ಲಿದ್ದಾಳೆ. ಸರ್ಕಾರದ ದುಡ್ಡು ಪಡೆಯುವ ಶಾಲೆ ಕಾಲೇಜುಗಳಲ್ಲಿ ಹೆಣ್ಣು ಗಂಡು ಅನ್ನುವ ಭೇದ ಕೂಡದು ಅನ್ನುವ ಕಾನೂನು ಇಲ್ಲಿದೆ, ಟೈಟಲ್ ನೈನ್ ಅಂತ. ಇವತ್ತು ಅಮೆರಿಕದಲ್ಲಿ ಇಷ್ಟೊಂದು ಹುಡುಗಿಯರು ಶಾಲೆಯ ಮೈದಾನದಲ್ಲಿ ಕಾಣುತ್ತಿದ್ದರೆ ಅದಕ್ಕೆ ಈ ಕಾನೂನು ದೊಡ್ಡ ಕಾರಣ. ಅದಕ್ಕೆ ಸಹಿ ಹಾಕಿದ್ದೂ ನಿಕ್ಸನ್, 1972ರ ಜೂನ್ 23ರಂದು.

ಈ ತಾರೀಖನ್ನು ಕಂಡುಹಿಡಿದಿದ್ದು ಮಗಳೇ. ಹೊರಡುವ ಹಿಂದಿನ ರಾತ್ರಿ ರೂಮಿನಿಂದ ಓಡಿ ಬಂದಳು. "ಅಪ್ಪಾ, ಇಲ್ಲಿ ನೋಡು, ಎರಡೂ ಒಂದೇ ದಿನ!" ಅಂದಳು. ನಿಜ. ವಾಟರ್‌ಗೇಟ್ ಕಟ್ಟಡಕ್ಕೆ ಕಳ್ಳರು ನುಗ್ಗಿ ಸಿಕ್ಕಿಬಿದ್ದದ್ದು ಜೂನ್ 17. ಆರು ದಿನ ಬಿಟ್ಟು, ಅದೇ ಜೂನ್ 23ರ ಬೆಳಿಗ್ಗೆ, ನಿಕ್ಸನ್ ತನ್ನ ಬಲಗೈ ಬಂಟ ಹಾಲ್ಡಮನ್ ಜೊತೆ ಕೂತು, ಸಿ.ಐ.ಎ.ಯವರಿಂದ ಹೇಳಿಸಿ ಎಫ್.ಬಿ.ಐ. ತನಿಖೆ ನಿಲ್ಲಿಸುವ ಉಪಾಯಕ್ಕೆ ಹೂಂ ಅಂದ. ಆ ಮಾತು ಟೇಪಿನಲ್ಲಿ ಉಳಿಯಿತು. ಎರಡು ವರ್ಷದ ಮೇಲೆ ಕುರ್ಚಿ ಕಳೆದದ್ದೂ ಅದೇ ಟೇಪು.

ಒಂದೇ ದಿನ, ಒಬ್ಬನೇ ಮನುಷ್ಯ, ಎರಡು ಕೆಲಸ. ಮಗಳಿಗೆ ಪ್ರಬಂಧದ ಆರಂಭ ಸಿಕ್ಕಿತು ಅಂತ ಖುಷಿ. ಅಪ್ಪನಿಗೂ ಕುತೂಹಲ ಹುಟ್ಟಿತು ಅನ್ನಿಸುತ್ತೆ. ಬೆಳಿಗ್ಗೆ ಏಳುವಷ್ಟರಲ್ಲಿ ಶೂ ಹಾಕಿಕೊಂಡು ಸೋಫಾದ ಮೇಲೆ ಕೂತಿದ್ದರು!

ಆ ಜಾಗ ನೋಡಿದರೆ ಯಾರಿಗಾದರೂ ಮನಸ್ಸು ಮೆತ್ತಗಾಗುತ್ತದೆ. ಆತನ ತಂದೆ ಕೈಯಾರೆ ಕಟ್ಟಿದ ಸಣ್ಣ ಮರದ ಮನೆ. ಅಲ್ಲೇ 1913ರಲ್ಲಿ ಹುಟ್ಟಿದ್ದು. ಹತ್ತಿರದಲ್ಲೇ ಗಂಡ ಹೆಂಡತಿಯ ಸಮಾಧಿ. ಇತಿಹಾಸ ಕೊಡಬಹುದಾದ ದೊಡ್ಡ ಗೌರವವೆಂದರೆ ಶಾಂತಿದೂತ ಅನ್ನುವ ಬಿರುದು ಅನ್ನುವ ಅರ್ಥದ ಆತನದೇ ಮಾತು ಕಲ್ಲಿನ ಮೇಲಿದೆ.  ಅಪ್ಪ ಆ ಕಲ್ಲನ್ನೇ ತುಂಬ ಹೊತ್ತು ನೋಡಿದರು.

ಒಂದು ಸ್ವಾರಸ್ಯ ಕೇಳಿ. ಈ ಮ್ಯೂಸಿಯಮ್ಮೇ ಒಂದು ಸಲ ಅಭಿಪ್ರಾಯ ಬದಲಿಸಿದೆ. 1990ರಲ್ಲಿ ಅಭಿಮಾನಿಗಳ ಖಾಸಗಿ ದುಡ್ಡಿನಲ್ಲಿ ಶುರುವಾದಾಗ ಇಲ್ಲಿದ್ದ ವಾಟರ್‌ಗೇಟ್ ವಿವರಣೆ ಪೂರ್ತಿ ನಿಕ್ಸನ್ ಪರವಾದದ್ದು, ವೈರಿಗಳು ಸೇರಿ ಕೆಡವಿದರು ಅನ್ನುವ ಧಾಟಿಯದು. 2007ರಲ್ಲಿ ಕೇಂದ್ರ ಸರ್ಕಾರದ ರಾಷ್ಟ್ರೀಯ ಪತ್ರಾಗಾರ ವಹಿಸಿಕೊಂಡ ಮೇಲೆ ನಿರ್ದೇಶಕರಾಗಿ ಬಂದ ಇತಿಹಾಸಕಾರ ಟಿಮೊತಿ ನಫ್ಟಾಲಿ ಅದನ್ನು ತೆಗೆಸಿದರು. ನಿಕ್ಸನ್ ಅಭಿಮಾನಿಗಳ ವಿರೋಧದ ನಡುವೆಯೇ 2011ರಲ್ಲಿ ದಾಖಲೆ ಸಮೇತ ಹೊಸದನ್ನು ತೆರೆದರು.

ಹೊರಗಿನ ಅಭಿಪ್ರಾಯವೂ ಹೀಗೇ ಓಲಾಡುತ್ತ ಬಂದಿದೆ. 1994ರಲ್ಲಿ ಆತ ಸತ್ತಾಗ ಇದೇ ಅಂಗಳದಲ್ಲಿ ಐವರು ಅಧ್ಯಕ್ಷರು ಸಾಲಾಗಿ ಕೂತಿದ್ದರು. ಆತನನ್ನು ಇಡೀ ಬದುಕಿನ ಮೇಲೆ ಅಳೆಯಬೇಕೇ ಹೊರತು ಒಂದು ತುಂಡಿನ ಮೇಲಲ್ಲ ಅಂತ ಕ್ಲಿಂಟನ್ ಕೇಳಿಕೊಂಡರು. ಅದು ನ್ಯಾಯವಾದ ಮಾತೇ. ಆದರೆ ಇಡೀ ಬದುಕು ಅಂದರೆ ಟೇಪೂ ಸೇರಿತಲ್ಲ! 1971ರ ಫೆಬ್ರವರಿಯಿಂದ 1973ರ ಜುಲೈವರೆಗೆ ಆತ ತನ್ನ ಕೋಣೆಗಳಲ್ಲಿ ಕದ್ದು ಮಾಡಿಸಿದ ಧ್ವನಿಮುದ್ರಣ ಸುಮಾರು 3,700 ಗಂಟೆ. ಮುಂದೆ ಇತಿಹಾಸದಲ್ಲಿ ತನ್ನ ಹೆಸರು ಗಟ್ಟಿಯಾಗಲಿ ಅಂತ ಇಡಿಸಿದ ಯಂತ್ರ. ಜನ ಸ್ವಲ್ಪ ಕ್ಷಮಿಸುವ ಹೊತ್ತಿಗೆ ಇನ್ನೊಂದು ಕಂತು ಹೊರಬೀಳುತ್ತಿತ್ತು. ಇತ್ತೀಚಿನ ವರ್ಷಗಳಲ್ಲಿ ಕೆಲವು ಬಲಪಂಥೀಯ ಯುವಕರು ನಿಕ್ಸನ್‌ನನ್ನು ಅಧಿಕಾರಿಗಳ ಪಿತೂರಿಗೆ ಬಲಿಯಾದವನು ಅಂತ ಮತ್ತೆ ಎತ್ತಿ ಕೂರಿಸುತ್ತಿದ್ದಾರೆ. 2024ರ ಜುಲೈ 1ರಂದು ಇಲ್ಲಿನ ಸುಪ್ರೀಂ ಕೋರ್ಟು, ಅಧ್ಯಕ್ಷರ ಅಧಿಕೃತ ಕೆಲಸಗಳಿಗೆ ಕ್ರಿಮಿನಲ್ ಮೊಕದ್ದಮೆಯಿಂದ ದೊಡ್ಡ ರಕ್ಷಣೆ ಕೊಟ್ಟ ಮೇಲಂತೂ, ನಿಕ್ಸನ್ ಈಗಿದ್ದಿದ್ದರೆ ಬಚಾವಾಗುತ್ತಿದ್ದನೇ ಅಂತ ಚರ್ಚೆ ನಡೆಯಿತು.

ಚೀನಾ ಪ್ರವಾಸದ ಭಾಗಕ್ಕೆ ಬಂದೆವು. ಆತನ ಅತಿ ದೊಡ್ಡ ಸಾಧನೆ ಅಂತ ವಿರೋಧಿಗಳೂ ಒಪ್ಪುವುದು ಇದನ್ನೇ. ಮಗಳು ನೋಟ್ಸ್ ಬರೆದುಕೊಳ್ಳುತ್ತಿದ್ದಳು. ಅಪ್ಪ ಮೆಲ್ಲಗೆ ಕೇಳಿದರು. "ಪುಟ್ಟಿ, ಇವರು ಚೀನಾಕ್ಕೆ ಯಾವ ದಾರಿಯಲ್ಲಿ ಹೋದ್ರು ಅಂತ ಬರೆದ್ಯಾ?"

ಅವಳಿಗೆ ಅರ್ಥವಾಗಲಿಲ್ಲ. ಅಲ್ಲೇ ಬೆಂಚಿನ ಮೇಲೆ ಕೂರಿಸಿಕೊಂಡು ಹೇಳಿದರು. ಚೀನಾದ ಜೊತೆ ಗುಟ್ಟಿನ ಮಾತುಕತೆ ನಡೆದದ್ದು ಪಾಕಿಸ್ತಾನದ ಯಾಹ್ಯಾ ಖಾನ್ ಮೂಲಕ. 1971ರ ಜುಲೈನಲ್ಲಿ ಕಿಸಿಂಜರ್ ಇಸ್ಲಾಮಾಬಾದಿಗೆ ಹೋಗಿ, ಹೊಟ್ಟೆನೋವು ಅಂತ ಸುದ್ದಿ ಹಬ್ಬಿಸಿ, ಅಲ್ಲಿಂದ ಬೀಜಿಂಗಿಗೆ ಹಾರಿದ್ದ. ಅದೇ ಯಾಹ್ಯಾನ ಸೈನ್ಯ ಮಾರ್ಚಿನಿಂದ ಪೂರ್ವ ಬಂಗಾಳದಲ್ಲಿ ಜನರನ್ನು ಕೊಲ್ಲುತ್ತಿತ್ತು. ಢಾಕಾದಲ್ಲಿದ್ದ ಅಮೆರಿಕದ ರಾಯಭಾರಿ ಅಧಿಕಾರಿ ಆರ್ಚರ್ ಬ್ಲಡ್ ಏಪ್ರಿಲ್ 6ರಂದು ತಮ್ಮ ಸರ್ಕಾರಕ್ಕೇ ವಿರೋಧದ ತಂತಿ ಕಳಿಸಿದರು. ನಾವು ಸುಮ್ಮನಿರುವುದು ನೈತಿಕ ದಿವಾಳಿತನ ಅನ್ನುವ ಆ ಪತ್ರಕ್ಕೆ 20 ಜನ ಸಿಬ್ಬಂದಿಯ ಸಹಿ. ಬ್ಲಡ್‌ರನ್ನು ಅಲ್ಲಿಂದ ಎತ್ತಂಗಡಿ ಮಾಡಿದರು. ಯಾಹ್ಯಾನನ್ನು ಈಗ ಹಿಂಡಬೇಡಿ ಅಂತ ನಿಕ್ಸನ್ ಸ್ವಂತ ಕೈಬರಹದಲ್ಲಿ ಆಜ್ಞೆ ಬರೆದ, 'ಬೇಡಿ' ಅನ್ನುವುದಕ್ಕೆ ಅಡಿಗೆರೆ ಎಳೆದು. ಭಾರತಕ್ಕೆ ಗಡಿ ದಾಟಿ ಬಂದ ನಿರಾಶ್ರಿತರು ಸುಮಾರು ಒಂದು ಕೋಟಿ.

ಇದರಲ್ಲಿ ಎಷ್ಟೋ ನನಗೂ ಗೊತ್ತಿದ್ದದ್ದೇ. ಗ್ಯಾರಿ ಬಾಸ್ ಅನ್ನುವ ಪ್ರೊಫೆಸರು ಇದರ ಮೇಲೆ 2013ರಲ್ಲಿ ದೊಡ್ಡ ಪುಸ್ತಕವನ್ನೇ ಬರೆದಿದ್ದಾರೆ. ನನಗೆ ಗೊತ್ತಿಲ್ಲದ್ದು ಆಮೇಲೆ ಅಪ್ಪ ಹೇಳಿದ್ದು.

ಎಂಬತ್ತರ ದಶಕದಲ್ಲಿ ಅಪ್ಪನಿಗೆ ಬ್ಯಾಂಕಿನವರು ಸಿಂಧನೂರಿಗೆ ವರ್ಗ ಮಾಡಿದ್ದರು. ಅಲ್ಲಿ ಪೂರ್ವ ಬಂಗಾಳದಿಂದ ಬಂದವರಿಗೆ ಸರ್ಕಾರ ಜಮೀನು ಕೊಟ್ಟು ಕಟ್ಟಿದ ಪುನರ್ವಸತಿ ಕ್ಯಾಂಪುಗಳಿವೆ. ಬೇರೆ ಬೇರೆ ವರ್ಷಗಳಲ್ಲಿ ಗಡಿ ದಾಟಿದ ಜನ. ಭತ್ತ ಬೆಳೆಯುತ್ತಾರೆ. ಅವರಲ್ಲೊಬ್ಬ 71ರಲ್ಲಿ ಬಂದು ಆಮೇಲೆ ನೆಂಟರ ಜೊತೆ ಕ್ಯಾಂಪು ಸೇರಿಕೊಂಡವನು. ಬೆಳೆ ಸಾಲಕ್ಕೆ ಬಂದಾಗ ಅಪ್ಪನೇ ಅರ್ಜಿ ತುಂಬಿಕೊಟ್ಟರಂತೆ. ಮನೆಯಲ್ಲಿ ಯಾರ್ಯಾರಿದ್ದಾರೆ ಅಂದಾಗ ಐದು ಹೆಸರು ಹೇಳಿದ. ಬರೆದಾಯಿತು. ಸ್ವಲ್ಪ ಹೊತ್ತು ಕಾಗದ ನೋಡಿ, "ಸಾರ್, ನಾಲ್ಕು ಹೊಡೆದು ಹಾಕಿ" ಅಂದನಂತೆ.

"ಹೊಡೆದು ಹಾಕಿದೆ ಕಣೋ. ಇನ್ನೇನು ಮಾಡ್ಲಿ?" ಅಂದರು ಅಪ್ಪ. ಇಷ್ಟು ವರ್ಷ ಈ ವಿಷಯ ಅವರು ನನಗೆ ಹೇಳಿರಲಿಲ್ಲ. ಏಳನೇ ನೌಕಾಪಡೆಯ ಕತೆ ಮಾತ್ರ ನೂರು ಸಲ ಹೇಳಿದ್ದರು.

ಮಗಳು ತುಂಬ ಹೊತ್ತು ಮಾತಾಡಲಿಲ್ಲ. ವಾಪಸು ಬರುವಾಗ ಕಾರಿನಲ್ಲಿ ಕೇಳಿದಳು. "ತಾತ, ಹಾಗಾದ್ರೆ ಒಟ್ಟು ಲೆಕ್ಕದಲ್ಲಿ ಅವನು ಗುಡ್ಡಾ, ಬ್ಯಾಡಾ?"

"ನೋಡು ಪುಟ್ಟಿ, ನಿನ್ನ ಖಾತೆಗೆ ದುಡ್ಡು ಜಮೆ ಆಯ್ತು ಅಂತ, ಇನ್ನೊಬ್ಬನ ಖಾತೆಯಿಂದ ಹೋದದ್ದು ಸರಿಹೋಗಲ್ಲ. ಇಬ್ಬರ ಲೆಡ್ಜರೂ ಬೇರೆ. ಒಟ್ಟು ಹಾಕಕ್ಕೆ ಬರಲ್ಲ."

"ಹಾಗಾದ್ರೆ ಟೈಟಲ್ ನೈನ್ ವಿಷಯ ಬಿಟ್ಟುಬಿಡ್ಲಾ?"

"ಯಾಕೆ ಬಿಡ್ತೀಯ? ಅದನ್ನೂ ಬರಿ. ನೀನು ಆಡ್ತಾ ಇದೀಯಲ್ಲ. ಯಾವುದನ್ನೂ ಹೊಡೆದು ಹಾಕಬೇಡ."

ಸ್ಟಿಯರಿಂಗ್ ಹಿಡಿದು ಕೂತಿದ್ದ ನನಗೆ ನನ್ನ ಬಗ್ಗೆಯೇ ಸ್ವಲ್ಪ ನಾಚಿಕೆಯಾಯಿತು. "ಒಟ್ಟಾರೆ ನೋಡಿದರೆ ಅಷ್ಟೇನೂ ಕೆಟ್ಟವನಲ್ಲ" ಅಂತ ನಾನು ಸುಲಭವಾಗಿ ಅಂದುಕೊಳ್ಳುತ್ತಿದ್ದೆ. ಯಾಕೆಂದರೆ ಜಮೆ ಬಂದಿದ್ದು ನನ್ನ ಮನೆಗೆ. ಈ ಗಾಳಿ ಕುಡಿಯುವವನು ನಾನು, ಆ ಮೈದಾನದಲ್ಲಿ ಓಡುವವಳು ನನ್ನ ಮಗಳು. ಚೀನಾದ ಬಾಗಿಲು ತೆರೆದದ್ದು ಒಂದು ಕಡೆ, ಬಂಗಾಳದ ಸಾವು ಇನ್ನೊಂದು ಕಡೆ ಅಂತ ತಕ್ಕಡಿಯಲ್ಲಿ ಇಡುತ್ತೇವಲ್ಲ, ಅವೆರಡೂ ಬೇರೆ ಬೇರೆ ಅಲ್ಲವೇ ಅಲ್ಲ. ಆ ಬಾಗಿಲ ಕೀಲಿಕೈ ಯಾಹ್ಯಾನ ಜೇಬಿನಲ್ಲಿತ್ತು ಅಂತಲೇ ಬಂಗಾಳದ ವಿಷಯದಲ್ಲಿ ಬಾಯಿ ಮುಚ್ಚಿಕೊಂಡದ್ದು.

ಇನ್ನೊಂದು ಮಾತು. ನಿಕ್ಸನ್ ಇಂದಿರಾ ಗಾಂಧಿಯನ್ನು ಬೈದದ್ದು 2005ರಲ್ಲೇ ಹೊರಬಂದಿತ್ತು. ಭಾರತದ ಹೆಂಗಸರೆಲ್ಲರ ಬಗ್ಗೆ ಆಡಿದ ಮಾತುಗಳ ಟೇಪು 2020ರ ಸೆಪ್ಟೆಂಬರಿನಲ್ಲಿ ಬಯಲಾಯಿತು. ಅವನ್ನು ಇಲ್ಲಿ ಬರೆಯಲು ನನಗೆ ಕೈ ಬರುವುದಿಲ್ಲ. ಮಗಳು ಓದಿದ್ದಾಳೆ. ಅಷ್ಟು ಹೀನಾಯವಾಗಿ ಮಾತಾಡಿದವನ ಸಹಿಯಿಂದಲೇ ಒಬ್ಬ ಕನ್ನಡದ ಹುಡುಗಿಗೆ ಆಟದ ಮೈದಾನ ಸಿಕ್ಕಿತು. ನ್ಯಾಯವಾಗಿ ಹೇಳಬೇಕೆಂದರೆ ಸಹಿ ಮಾತ್ರ ಆತನದು. ಕಾನೂನಿಗಾಗಿ ಹೋರಾಡಿದ್ದು ಪ್ಯಾಟ್ಸಿ ಮಿಂಕ್, ಎಡಿತ್ ಗ್ರೀನ್, ಬರ್ಚ್ ಬೇ ತರಹದ ಸಂಸದರು. ಶುದ್ಧ ಗಾಳಿಗೆ ದುಡಿದದ್ದು ಸೆನೆಟರ್ ಮಸ್ಕಿ. 1972ರ ಶುದ್ಧ ನೀರು ಕಾಯಿದೆಯನ್ನಂತೂ ನಿಕ್ಸನ್ ತಿರಸ್ಕರಿಸಿದ್ದ, ಸಂಸತ್ತು ಮತ್ತೆ ವೋಟು ಹಾಕಿ ಪಾಸು ಮಾಡಿತು. ಜಮೆ ಕಡೆಯ ಹೆಸರುಗಳನ್ನೂ ಸರಿಯಾಗಿ ಬರೆಯಬೇಕಲ್ಲವೇ?

ಮಗಳ ಪ್ರಬಂಧ ವಾಪಸು ಬಂತು. ಜೂನ್ 23ರಿಂದ ಶುರುಮಾಡಿ, ಯಾರಿಗೆ ಏನು ಸಿಕ್ಕಿತು, ಯಾರು ಏನು ಕಳೆದುಕೊಂಡರು ಅಂತ ತಾರೀಖಿನ ಸಮೇತ ಬರೆದಿದ್ದಳು. ಕೊನೆಗೆ ಒಟ್ಟು ಹಾಕಿರಲಿಲ್ಲ. "ನಿನ್ನ ತೀರ್ಪು ಏನು?" ಅಂತ ಮೇಷ್ಟ್ರು ಅಂಚಿನಲ್ಲಿ ಬರೆದು ಬಿ ಪ್ಲಸ್ ಕೊಟ್ಟಿದ್ದಾರೆ. ಅವಳಿಗೆ ಬೇಜಾರು. ಅಪ್ಪ ಮಾತ್ರ ಆ ಕಾಗದವನ್ನು ತಿಪಟೂರಿಗೆ ಒಯ್ಯುತ್ತೇನೆ ಅಂತ ಮಡಿಸಿ ಸೂಟ್‌ಕೇಸಿನಲ್ಲಿ ಇಟ್ಟುಕೊಂಡಿದ್ದಾರೆ.

ಬರುವ ಶನಿವಾರ ಅವಳ ಮ್ಯಾಚ್ ಇದೆ. ಅಪ್ಪನೂ ಬರುತ್ತಾರೆ, ಮಡಚುವ ಕುರ್ಚಿ ಆಗಲೇ ಕಾರಿನ ಡಿಕ್ಕಿಯಲ್ಲಿದೆ. ನಿಮ್ಮ ಮನೆಯಲ್ಲೂ 71ನ್ನು ನೆನಪಿಟ್ಟುಕೊಂಡ ಹಿರಿಯರು ಇದ್ದರೆ ಒಮ್ಮೆ ಕೂರಿಸಿಕೊಂಡು ಕೇಳಿ ನೋಡಿ. ನೂರು ಸಲ ಹೇಳಿದ ಕತೆಯ ಹಿಂದೆ, ಇನ್ನೂ ಹೇಳದೇ ಇರುವ ಇನ್ನೊಂದು ಇರಬಹುದು.